ಕನ್ನಡದ ಕೀಲಿಕೈ ಯಾರ ಬಳಿ?

ಹೊರನಾಡಿನಲ್ಲಿ ಕನ್ನಡ ಸಂಘ ಕಟ್ಟಿ ಬೆಳೆಸಿದವರಿಗೆಲ್ಲ ಗೊತ್ತಿರುವ ಮಾತೊಂದಿದೆ. ಯುಗಾದಿಗೆ ಒಬ್ಬಟ್ಟು ಮಾಡಿಸುವುದು, ರಾಜ್ಯೋತ್ಸವಕ್ಕೆ ನಾಟಕ ಆಡಿಸುವುದು, ಮಕ್ಕಳಿಂದ ಹಾಡು ಹೇಳಿಸುವುದು, ಇವೆಲ್ಲ ಹೇಗೋ ನಡೆದುಹೋಗುತ್ತಿದ್ದವು. ಸ್ಮರಣ ಸಂಚಿಕೆಯಲ್ಲಿ ಹತ್ತು ಪುಟ ಕನ್ನಡ ಅಚ್ಚಾಗಬೇಕೆಂದರೆ ಮಾತ್ರ ಸಂಪಾದಕ ಮಂಡಳಿಯವರು ತಲೆಯ ಮೇಲೆ ಕೈ ಹೊತ್ತು ಕೂರಬೇಕಾಗಿತ್ತು. 1970 ಮತ್ತು 80ರ ದಶಕಗಳಲ್ಲಿ ಪರದೇಶದ ಊರುಗಳಿಂದ ಹೊರಬಂದ ಸಂಚಿಕೆಗಳನ್ನು ನೋಡಿದವರು ಬಲ್ಲರು: ಅಧ್ಯಕ್ಷರ ಸಂದೇಶ, ಜಾಹೀರಾತು, ಲೆಕ್ಕಪತ್ರಗಳು ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಟೈಪಾಗಿರುತ್ತಿದ್ದವು, ಕವನ, ಕತೆ, ಹರಟೆಗಳು ಮಾತ್ರ ಅಕ್ಷರ ದುಂಡಗಿರುವ ಯಾರೋ ಪುಣ್ಯಾತ್ಮರ ಕೈಬರಹದಲ್ಲಿ, ಜೆರಾಕ್ಸ್ ಯಂತ್ರದಿಂದ ಇಳಿದು ಬರುತ್ತಿದ್ದವು. ಬರೆಯಬಲ್ಲವರಿದ್ದರು, ಓದಲು ಹಂಬಲಿಸುವವರಿದ್ದರು. ನಡುವೆ ಅಚ್ಚಿನ ಅಕ್ಷರ ಮಾತ್ರ ಇರಲಿಲ್ಲ.

ಇಂದು ಧಾರವಾಡದ ಅಜ್ಜಿ ಸಾಗರದಾಚೆಯ ಮೊಮ್ಮಗಳಿಗೆ ಮೊಬೈಲಿನಲ್ಲಿ ಕನ್ನಡದಲ್ಲೇ ನಾಲ್ಕು ಸಾಲು ಬರೆದು ಕಳಿಸುತ್ತಾರೆ. ಇದನ್ನು ವಿಜ್ಞಾನದ ಮುನ್ನಡೆಯ ಕತೆಯೆಂದು ಹೇಳಿ ಮುಗಿಸುವುದು ರೂಢಿ. ನಮಗೆ ಅದು ಒಡೆತನದ ಕತೆಯಾಗಿಯೂ ಕಾಣುತ್ತದೆ. ಅಕ್ಷರ ಯಾರ ಕೈಯಲ್ಲಿತ್ತು, ಅದು ಹೇಗೆ ಜನಸಾಮಾನ್ಯರ ಕೈಗೆ ಬಂತು, ಬಂದದ್ದು ಪೂರ್ತಿ ಬಂತೇ ಎಂಬುದನ್ನು ಇಲ್ಲಿ ನೋಡೋಣ.

ಅಚ್ಚಿನ ಕನ್ನಡ ಮೊದಲಿನಿಂದಲೂ ಬಂಡವಾಳವಿದ್ದವರ ಸೊತ್ತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ದೂರದ ಬಂಗಾಳದ ಸೆರಾಂಪುರದಲ್ಲಿ. ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದಾಗ ಅದನ್ನು ಕಲ್ಲಚ್ಚಿನಲ್ಲಿ ತೆಗೆಯಬೇಕಾಯಿತು. ನಮ್ಮ ಲಿಪಿಯ ಚೆಲುವೇ ಅದರ ತೊಡಕೂ ಹೌದು: ಒಂದೊಂದು ವ್ಯಂಜನಕ್ಕೂ ಕಾಗುಣಿತ, ಅದರಡಿಯಲ್ಲಿ ಒತ್ತು. ಮೊಳೆ ಜೋಡಿಸುವವನ ಮುಂದೆ ನೂರಾರು ಗೂಡುಗಳಿರಬೇಕು. ಅಷ್ಟು ಮೊಳೆಗಳನ್ನು ಎರಕ ಹೊಯ್ಯಿಸುವ ಶಕ್ತಿ ಮಿಷನ್ನಿಗಿತ್ತು, ಸರ್ಕಾರಕ್ಕಿತ್ತು, ಆಮೇಲೆ ಪತ್ರಿಕೆಗಳ ಮಾಲೀಕರಿಗೆ ಬಂತು. ಉಳಿದವರಿಗೆ ಲೇಖನಿಯೇ ಗತಿ.

ಗಣಕಯಂತ್ರ ಬಂದಮೇಲೆ ಈ ಬೇಲಿ ತಾನಾಗಿ ಬಿದ್ದುಹೋಗಬೇಕಿತ್ತು. ಬೀಳಲಿಲ್ಲ, ಇನ್ನೊಂದು ಬೇಲಿ ಎದ್ದಿತು. ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಆದ್ದರಿಂದ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ನಿಗದಿಯಾಗಬೇಕು. ಅಮೆರಿಕದಲ್ಲಿ 1963ರಲ್ಲಿ ಗೊತ್ತುಮಾಡಿದ ಆಸ್ಕಿ ಎಂಬ ಪಟ್ಟಿಯಲ್ಲಿದ್ದದ್ದು 128 ಸ್ಥಾನ, ಎಲ್ಲವೂ ಇಂಗ್ಲಿಷಿನ ಅಗತ್ಯಕ್ಕೆ ಹೊಂದುವಂಥವು. ಮುಂದೆ ಅವು 256 ಆದಾಗ ಹೆಚ್ಚಿನ ಜಾಗವನ್ನು ಯೂರೋಪಿನ ಭಾಷೆಗಳ ಚಿಹ್ನೆಗಳು ತುಂಬಿಕೊಂಡವು. ಕನ್ನಡಕ್ಕೆ ಕೂರಲು ಮಣೆಯೇ ಇಲ್ಲ! ಫಾಂಟ್ ತಯಾರಿಸುವ ಕಂಪನಿಗಳು ಆಗ ಒಂದು ಉಪಾಯ ಹೂಡಿದವು. ಇಂಗ್ಲಿಷ್ ಅಕ್ಷರದ ಸಂಖ್ಯೆಯನ್ನು ಹಾಗೆಯೇ ಬಿಟ್ಟು, ಅದರ ಚಿತ್ರದ ಜಾಗದಲ್ಲಿ ಕನ್ನಡದ ಒಂದು ತುಣುಕನ್ನು, ಒಂದು ತಲೆಕಟ್ಟನ್ನೋ ಒತ್ತನ್ನೋ ಕೂರಿಸಿದವು. ಪರದೆಯ ಮೇಲೆ ಕನ್ನಡ, ಒಳಗೆಲ್ಲ ಇಂಗ್ಲಿಷ್. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಹೀಗೆ ಒಂದೊಂದರದು ಒಂದೊಂದು ಪಟ್ಟಿ. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಇಸ್ಕಿ ಎಂಬ ಸಮಾನ ಪಟ್ಟಿಯನ್ನು ಮಾನ್ಯ ಮಾಡಿತ್ತಾದರೂ ಅಚ್ಚುಮನೆಗಳಲ್ಲಿ ನಡೆದದ್ದು ಕಂಪನಿಗಳ ಪಟ್ಟಿಯೇ.

ಇದರ ಫಲವನ್ನು ಅನುಭವಿಸದ ಕನ್ನಡಿಗರು ಕಡಿಮೆ. ಒಂದು ತಂತ್ರಾಂಶದಲ್ಲಿ ಬರೆದ ಲೇಖನವನ್ನು ಆ ಫಾಂಟ್ ಇಲ್ಲದ ಕಡೆ ತೆರೆದರೆ ಕಾಣುತ್ತಿದ್ದುದು ತಲೆಯ ಮೇಲೆ ಗೆರೆ ಎಳೆಸಿಕೊಂಡ 'ಎ'ಗಳು, ಪೌಂಡಿನ ಚಿಹ್ನೆ, ಅಲ್ಲೊಂದು ಇಲ್ಲೊಂದು 'ಕ್ಯೂ'. ಯಾವುದೋ ಮಂತ್ರವಾದಿಯ ತಾಮ್ರಪಟದಂತೆ! ತಂತ್ರಾಂಶ ಕೊಂಡರೂ ಮುಗಿಯಲಿಲ್ಲ. ಎಷ್ಟೋ ತಂತ್ರಾಂಶಗಳು ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸುವ ಡಾಂಗಲ್ ಎಂಬ ಬೀಗವಿಲ್ಲದೆ ಕದಲುತ್ತಿರಲಿಲ್ಲ. ಈ ಕಂಪನಿಗಳನ್ನು ಖಳನಾಯಕರೆಂದು ಬೈಯುವುದು ಸರಿಯಲ್ಲ. ಮಾರುಕಟ್ಟೆ ಪುಟ್ಟದು, ನಕಲು ಮಾಡುವವರು ಹೇರಳ. ಅವರು ಹಣ ಹೂಡದಿದ್ದರೆ ಕನ್ನಡದ ಪುಸ್ತಕ ಪತ್ರಿಕೆಗಳು ಅಷ್ಟು ಬೇಗ ಮೊಳೆಯ ಕಾಲದಿಂದ ಹೊರಬರುತ್ತಿರಲಿಲ್ಲ. ಆದರೂ ನಮ್ಮ ಮಾತನ್ನು ನಾವೇ ಬರೆದು, ಅದನ್ನು ಓದಲು ಇನ್ನೊಬ್ಬರ ಅಪ್ಪಣೆ ಬೇಕಾದ ಸ್ಥಿತಿ ಅದು.

ಆ ಸ್ಥಿತಿಯನ್ನು ಬದಲಿಸಿದವರು ಒಂಟಿ ಮನುಷ್ಯರು ಎಂಬುದೇ ಈ ಚರಿತ್ರೆಯ ವಿಶೇಷ. ಮೊದಲು ನೆನೆಯಬೇಕಾದವರು ಕಿನ್ನಿಕಂಬಳ ಪದ್ಮನಾಭ ರಾವ್, ಎಲ್ಲರ ಬಾಯಲ್ಲಿ ಕೆ.ಪಿ. ರಾವ್. ಐರಾವತಂ ಮಹಾದೇವನ್ ಅವರ ಸಿಂಧೂ ಲಿಪಿಯ ಅಧ್ಯಯನಕ್ಕೆ ಗಣಕದ ನೆರವು ನೀಡಿದ್ದ ಈ ದಕ್ಷಿಣ ಕನ್ನಡದ ವಿದ್ವಾಂಸರು ತಮ್ಮ ಕನ್ನಡ ತಂತ್ರಾಂಶಕ್ಕೆ ಇಟ್ಟ ಹೆಸರು 'ಸೇಡಿಯಾಪು'. ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ. ಅವರು ಕಂಡುಕೊಂಡ ಸತ್ಯ ನಮ್ಮ ವೈಯಾಕರಣರಿಗೆ ಹೊಸದಲ್ಲ: ಕನ್ನಡದಲ್ಲಿ ಕಾಣುವ ಆಕಾರಗಳು ನೂರಾರು, ಮೂಲ ಧ್ವನಿಗಳು ಐವತ್ತರ ಆಸುಪಾಸು. ಆಕಾರಗಳನ್ನು ಗಣಕಕ್ಕೆ ಬಿಟ್ಟು ಬೆರಳಿಗೆ ಧ್ವನಿಗಳನ್ನು ಮಾತ್ರ ಕೊಟ್ಟರೆ ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯೇ ಸಾಕು. 'ಕೆ' ಒತ್ತಿದರೆ ಕ; 'ಎಫ್' ಎಂಬುದು ಕೊಂಡಿ; ಮತ್ತೆ 'ಕೆ' ಒತ್ತಿದರೆ ಕ್ಕ. ಕನ್ನಡ ಗಣಕ ಪರಿಷತ್ತಿನ ಮೂಲಕ ಈ ವಿನ್ಯಾಸವೇ ಮುಂದೆ ಕರ್ನಾಟಕ ಸರ್ಕಾರದ ಮಾನ್ಯತೆ ಪಡೆಯಿತು, 'ನುಡಿ' ತಂತ್ರಾಂಶದಲ್ಲಿ ಮನೆಮನೆಗೆ ಹೋಯಿತು. ರಾಯರು ಅದನ್ನು ಮುಕ್ತವಾಗಿ ಬಿಟ್ಟುಕೊಟ್ಟರು. ಇಂದು ಕೋಟಿಗಟ್ಟಲೆ ಬೆಲೆಬಾಳುವ ಚಿಕ್ಕ ಚಿಕ್ಕ ಉಪಾಯಗಳಿಗೂ ಪೇಟೆಂಟ್ ಮಾಡಿಸುವ ಊರುಗಳಲ್ಲಿ ನೆಲೆಸಿರುವ ನಮಗೆ ಇದು ಸಣ್ಣ ಮಾತೆನಿಸುವುದಿಲ್ಲ.

ಆದರೆ ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಲುಪಬೇಕಲ್ಲ? ಅಂಗಡಿಯಿಲ್ಲದೆ, ಏಜೆಂಟರಿಲ್ಲದೆ ತಲುಪಿಸಿದ್ದು ಅಂತರಜಾಲ. ಜಿನೀವಾದ ಸರ್ನ್ ಪ್ರಯೋಗಾಲಯ 1993ರ ಏಪ್ರಿಲ್ 30ರಂದು ವಿಶ್ವವ್ಯಾಪಿ ಜಾಲದ ತಂತ್ರವನ್ನು ಯಾರೂ ರಾಯಲ್ಟಿ ಕೊಡದೆ ಬಳಸಬಹುದೆಂದು ಸಾರಿತು. ಭಾರತದಲ್ಲಿ ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಸಂಪರ್ಕ ತೆರೆಯಿತು. ಹೊರನಾಡ ಕನ್ನಡಿಗರು ಇದಕ್ಕೂ ಮುಂಚೆಯೇ ಕಣ್ಣು ಬಿಟ್ಟಿದ್ದರು. ವಿಶ್ವವಿದ್ಯಾಲಯಗಳ ಗಣಕಗಳಲ್ಲಿ ಕುಳಿತ ನಮ್ಮ ಹುಡುಗರು ಯೂಸ್‌ನೆಟ್ಟಿನ ಕರ್ನಾಟಕ ವಿಭಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಹರಟುತ್ತಿದ್ದರು. ಡೊನಾಲ್ಡ್ ನೂತ್ ಉಚಿತವಾಗಿ ಕೊಟ್ಟಿದ್ದ ಟೆಕ್ ಎಂಬ ಮುದ್ರಣ ತಂತ್ರಕ್ಕೆ ಕನ್ನಡ ಕಲಿಸಿ 'ಕನ್ನಡಟೆಕ್' ಎಂದು ಹಂಚಿದವರೂ ಇದ್ದರು. 1996ರಲ್ಲಿ ಡಾ. ಯು.ಬಿ. ಪವನಜ ಅವರು 'ವಿಶ್ವ ಕನ್ನಡ' ಎಂಬ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದರು. ಪತ್ರಿಕೆಯೊಂದಕ್ಕೆ ಅಚ್ಚಿನ ಯಂತ್ರ, ಕಾಗದದ ಕೋಟಾ, ಬಸ್ಸಿನಲ್ಲಿ ಕಟ್ಟು ಕಳಿಸುವ ಏಜೆಂಟರು ಬೇಕೇ ಬೇಕೆಂದು ನಂಬಿದ್ದ ನಾಡಿನಲ್ಲಿ ಅದು ದೊಡ್ಡ ಸುದ್ದಿಯೇ.

ಆಮೇಲೆ ಬಂತು 'ಬರಹ'. ಶೇಷಾದ್ರಿವಾಸು ಚಂದ್ರಶೇಖರನ್ ಎಂಬ ಸಾಫ್ಟ್‌ವೇರ್ ಇಂಜಿನಿಯರ್ ಬಿಡುವಿನ ವೇಳೆಯಲ್ಲಿ ಬರೆದ ಈ ತಂತ್ರಾಂಶ 1998ರಲ್ಲಿ ಉಚಿತವಾಗಿ ಹೊರಬಿತ್ತು. ಇಂಗ್ಲಿಷಿನ ಎ, ಎಂ, ಎಂ, ಎ ಒತ್ತಿದರೆ ಪರದೆಯ ಮೇಲೆ 'ಅಮ್ಮ' ಎಂದು ಮೂಡುತ್ತಿತ್ತು. ಕನ್ನಡ ಟೈಪಿಂಗ್ ಕಲಿಯದವರು, ಕಲಿಯುವ ವ್ಯವಧಾನವಿಲ್ಲದವರು, ಎರಡು ದಶಕ ಕನ್ನಡ ಬರೆಯದೆ ಕೈ ಮರೆತವರು, ಎಲ್ಲರೂ ಒಂದು ಸಂಜೆಯಲ್ಲಿ ಬರೆಯತೊಡಗಿದರು. ಅದಕ್ಕೆ ಜಾಹೀರಾತಿರಲಿಲ್ಲ, ಒಬ್ಬರಿಂದ ಒಬ್ಬರಿಗೆ ಇ-ಮೇಲಿನಲ್ಲಿ ಸುದ್ದಿ ಹೋಯಿತು, ಫ್ಲಾಪಿಯಲ್ಲಿ ಪ್ರತಿ ಹೋಯಿತು. ಹೊರನಾಡ ಸಂಘಗಳ ಸಂಚಿಕೆಗಳ ಮೈಬಣ್ಣ ಬದಲಾದದ್ದು ಈ ಹೊತ್ತಿನಲ್ಲಿ. ಇಂಗ್ಲಿಷಿನ ಹಿತ್ತಿಲ ಬಾಗಿಲಿನಿಂದ ಕನ್ನಡದ ಮನೆಗೆ ನುಗ್ಗುವುದೇ ಎಂದು ಮೂಗು ಮುರಿದವರಿದ್ದರು. ತತ್ತ್ವಕ್ಕೆ ಕೆ.ಪಿ. ರಾಯರ ಹಾದಿಯೇ ಸರಿ ಎಂದು ನಮಗೂ ಅನಿಸುತ್ತದೆ. ಆದರೆ ಹಸಿದವನ ಮುಂದೆ ಎಲೆ ಯಾವ ಕಡೆಯಿಂದ ಹಾಸಿದರು ಎಂದು ವಾದ ಮಾಡುತ್ತಾರೆಯೆ?

ಇಷ್ಟಾದರೂ ಮೂಲ ರೋಗ ಹೋಗಿರಲಿಲ್ಲ. ಉಚಿತ ಫಾಂಟುಗಳೂ ಇಂಗ್ಲಿಷಿನ ವೇಷ ತೊಟ್ಟವೇ. ಒಂದೊಂದು ಪತ್ರಿಕೆಯ ತಾಣಕ್ಕೂ ಒಂದೊಂದು ಫಾಂಟನ್ನು ಇಳಿಸಿಕೊಂಡು ಓದಬೇಕಿದ್ದ ದಿನಗಳು ಅವು. ಔಷಧಿ ಬಂದದ್ದು ಯೂನಿಕೋಡಿನಿಂದ, ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಕೇರಿ ಸಿಕ್ಕಿತ್ತು. ಬಳಕೆಗೆ ಬರಲು ಹತ್ತು ವರ್ಷ ಬೇಕಾಯಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಎಂಬ ಕನ್ನಡ ಫಾಂಟೂ ಬಂತು. ವಿಚಿತ್ರವೆಂದರೆ ಯೂನಿಕೋಡ್ ಒಕ್ಕೂಟವನ್ನು ಕಟ್ಟಿದವರೇ ದೊಡ್ಡ ದೊಡ್ಡ ಕಂಪನಿಗಳು! ಒಂದೇ ಯಂತ್ರವನ್ನು ಎಲ್ಲ ದೇಶಗಳಲ್ಲೂ ಮಾರಬೇಕಾದಾಗ ಅವುಗಳಿಗೂ ಸಾಮಾನ್ಯ ಪಟ್ಟಿಯೇ ಅಗ್ಗವಾಗಿ ಕಂಡಿತು. ನಮಗೆ ಬಿಡುಗಡೆ ದೊರೆತದ್ದು ಧರ್ಮಬುದ್ಧಿಯಿಂದಲ್ಲ, ಲೆಕ್ಕಾಚಾರದಿಂದ. ಆದರೆ ಒಮ್ಮೆ ಪ್ರಕಟವಾದ ಪಟ್ಟಿ ಎಲ್ಲರಿಗೂ ಬಯಲು. ಅದಕ್ಕೆ ಡಾಂಗಲ್ ಇಲ್ಲ.

ದೂರದಲ್ಲಿ ಕುಳಿತು ಮಾಡಿದ ಪಟ್ಟಿಯಲ್ಲಿ ಎಡವಟ್ಟುಗಳೂ ಆದವು. ಹಳಗನ್ನಡದ ೞ ಅಕ್ಷರಕ್ಕೆ, ಪಂಪನ ಕಾವ್ಯ ಓದುವವರಿಗೆ ಚಿರಪರಿಚಿತವಾದ ಆ ಅಕ್ಷರಕ್ಕೆ, ಯೂನಿಕೋಡಿನಲ್ಲಿ ಬಿದ್ದ ಹೆಸರು 'ಫ'! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ಕಟ್ಟುನಿಟ್ಟಿನ ನಿಯಮ. ಹಾಗಾಗಿ ತಪ್ಪು ಹೆಸರು ಶಾಶ್ವತ, ಪಕ್ಕದಲ್ಲಿ ತಿದ್ದುಪಡಿಯ ಹೆಸರೊಂದು ಉಂಟು. ಆದರೆ ಅದೇ ಪಟ್ಟಿಗೆ ಯಾರು ಬೇಕಾದರೂ ಆಧಾರ ಸಮೇತ ಮನವಿ ಸಲ್ಲಿಸಬಹುದು. 2003ರಲ್ಲಿ ಅವಗ್ರಹ ಮತ್ತು ನುಕ್ತಗಳು ಕನ್ನಡದ ಕೇರಿಗೆ ಸೇರಿದವು, 2021ರಲ್ಲಿ ನಕಾರಪೊಲ್ಲು ಸೇರಿತು. ಕರಾವಳಿಯ ಮಠಮನೆಗಳ ತಾಳೆಗರಿಗಳಲ್ಲಿ ಉಳಿದಿದ್ದ ತುಳು-ತಿಗಳಾರಿ ಲಿಪಿಗೆ 2024ರಲ್ಲಿ ಸ್ಥಾನ ದೊರೆಯಿತು. ಅದರ ಮನವಿಯನ್ನು ಸಿದ್ಧಪಡಿಸಿದವರು ವೈಷ್ಣವಿ ಮೂರ್ತಿ ಮತ್ತು ವಿನೋದ್ ರಾಜನ್ ಎಂಬ ಇಬ್ಬರು ಸಂಶೋಧಕರು.

ಅಕ್ಷರ ಕೈಗೆ ಬಂದಮೇಲೆ ಜನ ಏನು ಬರೆದರು? ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಬಂದರೆ ಹದಿನಾಲ್ಕನೆಯದು ಬರುವಷ್ಟರಲ್ಲಿ 2004. ಅದರ ಪಾಂಡಿತ್ಯಕ್ಕೆ ನಾವು ತಲೆಬಾಗುತ್ತೇವೆ. ಅದು ಮುಗಿಯುವ ಹೊತ್ತಿಗೆ, 2003ರಲ್ಲಿ, ಕನ್ನಡ ವಿಕಿಪೀಡಿಯ ಹುಟ್ಟಿತ್ತು. ಬ್ಯಾಂಕಿನವರು, ಮೇಷ್ಟ್ರುಗಳು, ವಿದ್ಯಾರ್ಥಿಗಳು ಸಂಬಳವಿಲ್ಲದೆ ಬರೆದ ಅದರ ಲೇಖನಗಳು ಮೂವತ್ತು ಸಾವಿರ ದಾಟಿವೆ. ಗುಣಮಟ್ಟ ಏರುಪೇರೆಂಬುದು ನಿಜ. ಇನ್ನೂ ಬೆರಗಿನದು 'ಅಲರ್' ನಿಘಂಟು. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕುಳಿತು ಸಂಕಲಿಸಿದ ಕನ್ನಡ-ಇಂಗ್ಲಿಷ್ ನಿಘಂಟು ಇದು, ಒಂದೂವರೆ ಲಕ್ಷ ಪದಗಳಷ್ಟು. ಕೈಲಾಶ್ ನಾಧ್ ಅವರ ನೆರವಿನಿಂದ 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು 'ತಾತ್ಸಾರ' ಎಂದರೇನು ಎಂದು ಕೇಳಿದಾಗ ನಾವು ಈಗ ತೆರೆಯುವುದು ಅದನ್ನೇ.

ಹಾಗಾದರೆ ಕಂಪನಿಗಳ ಕಾಲ ಮುಗಿಯಿತೇ? ಇಲ್ಲ, ಧಣಿಗಳು ಬದಲಾದರು. ಫಾಂಟ್ ಮಾರುತ್ತಿದ್ದ ಪುಣೆ, ಬೆಂಗಳೂರಿನ ಸಣ್ಣ ಕಂಪನಿಗಳ ಜಾಗದಲ್ಲಿ ಅವುಗಳ ಸಾವಿರ ಪಟ್ಟು ದೊಡ್ಡವು ಬಂದು ಕುಳಿತಿವೆ. ಅಕ್ಷರ ನಮ್ಮದಾದರೂ ಅದನ್ನಿಡುವ ಅಂಗಳ ಅವರದು. ಯಾಹೂ 2009ರಲ್ಲಿ ಜಿಯೋಸಿಟೀಸನ್ನು ಮುಚ್ಚಿತು, ಗೂಗಲ್ 2014ರಲ್ಲಿ ಆರ್ಕುಟ್ಟನ್ನು ಮುಚ್ಚಿತು. ಅಲ್ಲಿ ಕನ್ನಡಿಗರು ಆಡಿದ ಮಾತು, ಕಟ್ಟಿದ ಬಳಗಗಳು ಕದ ಹಾಕಿದಂತೆ ನಿಂತವು. 2021ರ ಜೂನ್ ತಿಂಗಳಲ್ಲಿ ಭಾರತದ ಅತಿ ಕುರೂಪ ಭಾಷೆ ಯಾವುದೆಂದು ಕೇಳಿದವರಿಗೆ ಗೂಗಲ್ ಯಾವುದೋ ಪುಟದ ಮಾತನ್ನೆತ್ತಿ 'ಕನ್ನಡ' ಎಂದು ತೋರಿಸಿದ್ದು ನೆನಪಿರಬಹುದು. ಎರಡು ಸಾವಿರ ವರ್ಷಗಳ ನುಡಿಯ ಬಗ್ಗೆ ತೀರ್ಪು ಕೊಡುವ ಪೀಠದಲ್ಲಿ ಒಂದು ಕಂಪನಿಯ ಯಂತ್ರ ಕುಳಿತಿತ್ತು. ಅದೇ ಜಾಲದಲ್ಲಿ ಸಾಮಾನ್ಯ ಕನ್ನಡಿಗರು ಎಬ್ಬಿಸಿದ ಕೂಗಿಗೆ ಕಂಪನಿ ಆ ಉತ್ತರವನ್ನು ಕಿತ್ತುಹಾಕಿ ಕ್ಷಮೆಯನ್ನೂ ಕೇಳಿತು. ಆ ಒಂದು ಪ್ರಸಂಗದಲ್ಲಿ ಎರಡೂ ಕಡೆಯ ಬಲ ಒಟ್ಟಿಗೆ ಕಾಣಿಸಿತು.

ಇನ್ನು ನಮ್ಮಂಥ ಸಂಘಗಳ ಮನೆವಾರ್ತೆ. ಹಳೆಯ ಫಾಂಟುಗಳ ಕಾಲದ ಸಂಚಿಕೆಗಳ ಕಡತಗಳು ಇಂದಿನ ಗಣಕದಲ್ಲಿ ಮತ್ತೆ ಅದೇ ತಾಮ್ರಪಟವಾಗಿ ತೆರೆದುಕೊಳ್ಳುತ್ತವೆ. 'ಗುಬ್ಬಿ', 'ನವಿಲು' ಎಂಬ ಮುಕ್ತ ಫಾಂಟುಗಳನ್ನು ಕೊಟ್ಟ ಅರವಿಂದ ವಿ.ಕೆ. ಅವರು ಇಂಥ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕವನ್ನೂ ಉಚಿತವಾಗಿ ಬರೆದುಕೊಟ್ಟಿದ್ದಾರೆ. ನುಡಿ, ಬರಹಗಳಲ್ಲಿ ಬರೆದದ್ದು ನಿಮಿಷದಲ್ಲಿ ಓದುವಂತಾಗುತ್ತದೆ. ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿದರಾಯಿತು. ಕಡತವೇ ಇಲ್ಲದಿದ್ದರೆ ಯಾವ ಪರಿವರ್ತಕವೂ ಏನೂ ಮಾಡಲಾರದು. ಆದ್ದರಿಂದ ಸಂಘದ ಹಿಂದಿನ ಸಂಚಿಕೆಗಳಿಗಾಗಿ ದುಡಿದ ಬಂಧುಗಳು ತಮ್ಮ ಅಟ್ಟ, ಗರಾಜು, ಹಳೆಯ ಸೂಟ್‌ಕೇಸುಗಳಲ್ಲಿ ಫ್ಲಾಪಿ ಅಥವಾ ಸಿ.ಡಿ.ಗಳಿದ್ದರೆ, ಯಾವ ಫಾಂಟಿನಲ್ಲಿ ಬರೆದದ್ದೆಂಬ ನೆನಪಿದ್ದರೆ ಅದನ್ನೂ ಒಂದು ಚೀಟಿಯಲ್ಲಿ ಬರೆದು, ಸಂಘದ ಕಾರ್ಯದರ್ಶಿಗಳಿಗೆ ತಲುಪಿಸಬೇಕಾಗಿ ಕೋರುತ್ತೇವೆ.