ಪರರ ರಾಜಧಾನಿಯಲ್ಲಿ ತಮ್ಮ ನುಡಿ

ವಿಯೆನ್ನಾದಲ್ಲಿ ನಾವು ಇಳಿದುಕೊಂಡ ಮನೆ ನಗರದ ಹತ್ತನೆಯ ವಿಭಾಗದಲ್ಲಿತ್ತು. ಫಾವೊರಿಟೆನ್ ಎಂಬ ಆ ಭಾಗಕ್ಕೆ ಪ್ರವಾಸಿ ಕೈಪಿಡಿಗಳಲ್ಲಿ ಹೆಚ್ಚಿನ ಸ್ಥಾನವಿಲ್ಲ. ಬಾಡಿಗೆ ಕಡಿಮೆಯೆಂಬ ಒಂದೇ ಕಾರಣಕ್ಕೆ ಮುಂಬಯಿಯಲ್ಲಿ ಕುಳಿತು ಅದನ್ನು ಆರಿಸಿಕೊಂಡಿದ್ದೆವು. ಮೊದಲ ಸಂಜೆ ಪೆಟ್ಟಿಗೆಗಳನ್ನೆಳೆದುಕೊಂಡು ಬಾಗಿಲ ಮುಂದೆ ನಿಂತಾಗ, ಮನೆಯೊಡತಿಯ ಹೆಸರನ್ನು ಹುಡುಕಲು ಕರೆಗಂಟೆಗಳ ಹಲಗೆಯನ್ನು ಪೂರ್ತಿ ಓದಬೇಕಾಯಿತು. ನೊವಾಕ್, ಸ್ವೊಬೊಡ, ಪ್ರೊಹಾಸ್ಕ, ದ್ವೊರಾಕ್. ನಡುವೆ ಮೂರು ನಾಲ್ಕು ತುರ್ಕಿ ಹೆಸರುಗಳು. ಅಪ್ಪಟ ಜರ್ಮನ್ ಎನ್ನಬಹುದಾದ ಹೆಸರುಗಳು ಎರಡೇ.

ಮನೆಯೊಡತಿಗೆ ಎಪ್ಪತ್ತು ದಾಟಿತ್ತು. ಮರುದಿನ ಬೆಳಗ್ಗೆ ಕಾಫಿ ಕೊಡುವಾಗ, ನಿಮ್ಮ ಹೆಸರು ಝೆಕ್ ಅಲ್ಲವೇ ಎಂದು ಕೇಳಿದೆವು. ಆಕೆ ನಕ್ಕರು. ಮುತ್ತಜ್ಜ ಮೊರಾವಿಯದಿಂದ ಇಟ್ಟಿಗೆ ಸುಡಲು ಬಂದವನಂತೆ. ನಿಮಗೆ ಭಾಷೆ ಬರುತ್ತದೆಯೇ ಎಂದುದಕ್ಕೆ, ‘ಅಡುಗೆಮನೆಯಷ್ಟು ಬರುತ್ತದೆ’ ಎಂದರು. ಕಪ್ಪು ಪ್ಲಮ್ ಹಣ್ಣಿನ ಗಟ್ಟಿ ಜಾಮಿಗೆ ಪೊವಿಡ್ಲ್, ಹೂರಣ ತುಂಬಿದ ಸಿಹಿ ಬನ್ನಿಗೆ ಬುಖ್ಟೆಲ್, ಹೀಗೆ ನಾಲ್ಕಾರು ಮಾತು. ನಾವಿಬ್ಬರೂ ಪರಸ್ಪರ ಮುಖ ನೋಡಿಕೊಂಡೆವು. ಠಾಣೆಯಲ್ಲಿ ಬೆಳೆಯುತ್ತಿರುವ ನಮ್ಮ ಮೊಮ್ಮಗಳ ಕನ್ನಡವೂ ಸಾರು, ಪಲ್ಯ, ಮೊಸರು, ಸಾಕು ಎಂಬಲ್ಲಿಗೆ ಬಂದು ನಿಂತಿದೆ.

ಆ ಹದಿನಾಲ್ಕು ದಿನಗಳಲ್ಲಿ ವಿಯೆನ್ನಾ, ಪ್ರಾಗ್, ಬುಡಾಪೆಸ್ಟ್ ಎಂಬ ಮೂರು ರಾಜಧಾನಿಗಳನ್ನು ನೋಡಿದೆವು. ಅರಮನೆ, ಚಿತ್ರಶಾಲೆ, ಸೇತುವೆ ಯಾವುದನ್ನೂ ಬಿಡಲಿಲ್ಲ. ಅವುಗಳ ಚಿತ್ರಗಳು ಎಲ್ಲರ ಮೊಬೈಲುಗಳಲ್ಲೂ ಇವೆ. ಆದರೆ ನೆನಪಿನಲ್ಲಿ ಮತ್ತೆ ಮತ್ತೆ ಮೇಲೇಳುವುದು ಆ ಕರೆಗಂಟೆಗಳ ಹಲಗೆ. ಉಳಿದ ದಿನಗಳ ನಮ್ಮ ತಿರುಗಾಟಕ್ಕೆಲ್ಲ ಅದೇ ದಾರಿ ತೋರಿಸಿತೆಂದರೂ ಸಲ್ಲುತ್ತದೆ.

ವಿಯೆನ್ನಾಕ್ಕೆ ಹೋದವರೆಲ್ಲರೂ ನೋಡುವುದು ರಿಂಗ್‌ಸ್ಟ್ರಾಸೆಯನ್ನು. 1857ರ ಡಿಸೆಂಬರಿನಲ್ಲಿ ಚಕ್ರವರ್ತಿ ಫ್ರಾಂಝ್ ಜೋಸೆಫ್ ಹಳೆಯ ಕೋಟೆಗೋಡೆಯನ್ನು ಕೆಡವಲು ಆಜ್ಞೆ ಹೊರಡಿಸಿದ. ಗೋಡೆಯಿದ್ದ ಜಾಗದಲ್ಲಿ ಮೂಡಿದ ಅಗಲವಾದ ವರ್ತುಲ ರಸ್ತೆ 1865ರ ಮೇ 1ರಂದು ತೆರೆಯಿತು. ಸಂಸತ್ತು, ಒಪೆರಾ, ವಿಶ್ವವಿದ್ಯಾನಿಲಯ, ವಸ್ತುಸಂಗ್ರಹಾಲಯಗಳೆಲ್ಲ ಅದರ ಇಕ್ಕೆಲಗಳಲ್ಲಿ ಎದ್ದವು. ಅಷ್ಟಕ್ಕೂ ಬೇಕಾದ ಇಟ್ಟಿಗೆ ನಗರದ ದಕ್ಷಿಣಕ್ಕಿರುವ ವೀನರ್‌ಬರ್ಗ್ ದಿಬ್ಬದ ಜೇಡಿಯಿಂದ ಬಂತು. ಆ ಜೇಡಿಯನ್ನು ಅಗೆದವರು, ತುಳಿದವರು, ಸುಟ್ಟವರು ಹೆಚ್ಚಾಗಿ ಬೊಹೀಮಿಯ, ಮೊರಾವಿಯಗಳ ಝೆಕ್ ರೈತಾಪಿ ಮಕ್ಕಳು. ವಿಯೆನ್ನಾದ ಜನ ಅವರಿಗಿಟ್ಟ ಅಡ್ಡಹೆಸರೇ ‘ಇಟ್ಟಿಗೆ ಬೊಹೀಮಿಯನರು’ ಎಂದು.

ಅವರ ಕೂಲಿಯ ಕಥೆ ಕಠೋರವಾದುದು. ಕೂಲಿಯ ಹಣವನ್ನು ನಾಣ್ಯವಾಗಿ ಕೊಡದೆ ತಗಡಿನ ಬಿಲ್ಲೆಗಳಾಗಿ ಕೊಡಲಾಗುತ್ತಿತ್ತು. ಕಾರ್ಖಾನೆಯ ಆವರಣದೊಳಗಿನ ಅಂಗಡಿಗಳಲ್ಲಲ್ಲದೆ ಬೇರೆಲ್ಲಿಯೂ ಆ ಬಿಲ್ಲೆ ನಡೆಯದು. ಅಲ್ಲಿನ ಬೆಲೆಯಾದರೋ ಪೇಟೆಗಿಂತ ಹೆಚ್ಚು. 1888ರಲ್ಲಿ ವಿಕ್ಟರ್ ಆಡ್ಲರ್ ಎಂಬ ವೈದ್ಯ ವೇಷ ಮರೆಸಿಕೊಂಡು ಒಳಹೊಕ್ಕು, ಕಂಡುದನ್ನೆಲ್ಲ ತನ್ನ ಪತ್ರಿಕೆಯಲ್ಲಿ ಬರೆದ. ಹತ್ತಾರು ಜನ ಒತ್ತೊತ್ತಾಗಿ ಮಲಗುವ ಕೋಣೆಯಲ್ಲೇ ಹೆಣ್ಣೊಬ್ಬಳಿಗೆ ಹೆರಿಗೆಯಾದದ್ದು ಆ ಬರಹದಲ್ಲಿದೆ. ಆಸ್ಟ್ರಿಯದ ಕಾರ್ಮಿಕ ಚಳವಳಿ ಒಂದು ಪಕ್ಷವಾಗಿ ಕೂಡಿಕೊಂಡದ್ದು ಅದರ ಬೆನ್ನಿಗೇ. ಆಡ್ಲರ್ ಹುಟ್ಟಿದ್ದು ಪ್ರಾಗ್‌ನಲ್ಲಿ ಎಂಬುದನ್ನೂ ಇಲ್ಲಿ ಹೇಳಬೇಕು.

ಜೇಡಿ ತೆಗೆದ ಗುಂಡಿಗಳು ಈಗ ಕೆರೆಗಳಾಗಿವೆ. ಒಂದು ಬೆಳಗ್ಗೆ ನಾವು ಅಲ್ಲಿಗೆ ಹೋದೆವು. ಜೊಂಡುಹುಲ್ಲು, ಬಾತುಕೋಳಿ, ನಾಯಿಗಳನ್ನು ತಿರುಗಾಡಿಸುವ ಮುದುಕರು. ಅರಮನೆಯ ನೂರೆಂಟು ಕೋಣೆಗಳಿಗಿಂತ ಆ ನೀರಿನ ಅಂಚಿನಲ್ಲಿ ಕುಳಿತ ಒಂದು ಗಂಟೆ ನಮಗೆ ಹೆಚ್ಚು ಇಷ್ಟವಾಯಿತು. ಒಂದು ನಗರವನ್ನು ಎತ್ತರಕ್ಕೆ ಕಟ್ಟಬೇಕಾದರೆ ಇನ್ನೊಂದು ಕಡೆ ಎಷ್ಟು ಆಳಕ್ಕೆ ಅಗೆಯಬೇಕಾಗುತ್ತದೆ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಅಷ್ಟು ಮಂದಿ ಝೆಕ್ಕರು ಇದ್ದರಲ್ಲ, ಎಷ್ಟು ಮಂದಿ? ಉತ್ತರ ಲೆಕ್ಕಿಸುವವರ ಪ್ರಶ್ನೆಯನ್ನು ಅವಲಂಬಿಸಿತ್ತು. 1880ರಿಂದ ಆಸ್ಟ್ರಿಯದ ಜನಗಣತಿ ಮಾತೃಭಾಷೆಯನ್ನು ಕೇಳಲಿಲ್ಲ. ‘ದಿನಬಳಕೆಯ ಭಾಷೆ’ ಯಾವುದೆಂದು ಕೇಳಿತು. ಜರ್ಮನ್ ಒಡೆಯನ ಮನೆಯಲ್ಲಿ ಅಡುಗೆ ಮಾಡುವ ಬೊಹೀಮಿಯದ ಹೆಣ್ಣುಮಗಳ ದಿನಬಳಕೆಯ ಭಾಷೆ ಯಾವುದು? ಒಡೆಯ ಬರೆಸಿದ್ದೇ ಆಯಿತು. ಹೀಗಿದ್ದೂ 1900ರ ಗಣತಿಯಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಜನ ಝೆಕ್ ಎಂದು ಬರೆಸಿದರು. ಅಲ್ಲಿ ಹುಟ್ಟಿ ಇಲ್ಲಿಗೆ ಬಂದವರ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದು. ನಮ್ಮ ದೇಶದ ಗಣತಿಯಲ್ಲಿ ಮಾತೃಭಾಷೆಯ ಅಂಕಣವೊಂದಿದೆ, ಬಲ್ಲ ಬೇರೆ ಎರಡು ಭಾಷೆಗಳಿಗೂ ಜಾಗವಿದೆ. ಎಷ್ಟೋ ಬಾರಿ ಯೋಚಿಸದೆಯೇ ತುಂಬಿಸಿದ ಆ ಅಂಕಣದ ಬೆಲೆ ನಮಗೆ ತಿಳಿದದ್ದು ವಿಯೆನ್ನಾದಲ್ಲಿ.

1897ರಿಂದ 1910ರವರೆಗೆ ಮೇಯರಾಗಿದ್ದ ಕಾರ್ಲ್ ಲ್ಯೂಗರ್ ನಗರಕ್ಕೆ ನೀರು, ಗ್ಯಾಸು, ಟ್ರಾಮುಗಳನ್ನು ಒದಗಿಸಿದ ಸಮರ್ಥ ಆಡಳಿತಗಾರ. ಯೆಹೂದ್ಯದ್ವೇಷವನ್ನು ಮತವಾಗಿ ಪರಿವರ್ತಿಸಿಕೊಂಡ ರಾಜಕಾರಣಿಯೂ ಅವನೇ. ನಗರದ ‘ಜರ್ಮನ್ ಸ್ವರೂಪ’ವನ್ನು ಕಾಪಾಡುವೆವೆಂದು ಹೊಸ ಪೌರರಿಂದ ಪ್ರಮಾಣ ಮಾಡಿಸುವ ನಿಯಮ ಅವನ ಕಾಲದ್ದು. ಝೆಕ್ಕರು 1872ರಲ್ಲಿ ಕೊಮೆನ್ಸ್ಕಿ ಎಂಬ ಶಾಲಾ ಸಂಘವನ್ನು ಕಟ್ಟಿ, 1883ರಲ್ಲಿ ಇದೇ ಫಾವೊರಿಟೆನ್‌ನಲ್ಲಿ ತಮ್ಮ ಭಾಷೆಯ ಮೊದಲ ಶಾಲೆಯನ್ನು ತೆರೆದರು. ಹದಿನೇಳನೆಯ ಶತಮಾನದಲ್ಲಿ ಧರ್ಮಕಾರಣಕ್ಕಾಗಿ ದೇಶಬಿಟ್ಟು ಅಲೆದ ಮೊರಾವಿಯದ ಶಿಕ್ಷಣತಜ್ಞನ ಹೆಸರನ್ನು ಅದಕ್ಕಿಟ್ಟದ್ದು ಉಚಿತವೇ ಆಗಿತ್ತು. ಚಕ್ರಾಧಿಪತ್ಯ ಇರುವವರೆಗೂ ಆ ಶಾಲೆಗೆ ಸರಕಾರಿ ಮಾನ್ಯತೆ ಸಿಗಲಿಲ್ಲ.

ಇದನ್ನು ಓದಿದಾಗ ಮುಂಬಯಿಯ ನಮ್ಮಂಥವರಿಗೆ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳು ನೆನಪಾಗದಿರುವುದಿಲ್ಲ. ಹೊಟೇಲುಗಳಲ್ಲಿ ಹಗಲಿಡೀ ಲೋಟ ತೊಳೆದ ಹುಡುಗರು ರಾತ್ರಿ ಒದ್ದೆ ಬೆರಳುಗಳಲ್ಲೇ ಸೀಮೆಸುಣ್ಣ ಹಿಡಿದು ಕಲಿತ ಶಾಲೆಗಳವು. ಒಂದು ಮಾತನ್ನು ಮಾತ್ರ ಪ್ರಾಮಾಣಿಕವಾಗಿ ಹೇಳಬೇಕು: ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಮುಂಬಯಿ ಮಹಾನಗರಪಾಲಿಕೆ ತಾನೇ ಕನ್ನಡ ಶಾಲೆಗಳನ್ನು ನಡೆಸಿದೆ. ನಾವು ಕನ್ನಡದಲ್ಲಿ ಕಲಿಯುವುದಕ್ಕೆ ಯಾರ ಪ್ರಮಾಣವಚನವೂ ಅಡ್ಡಬಂದಿಲ್ಲ. ನಮ್ಮ ತರಗತಿಗಳು ಬರಿದಾಗುತ್ತಿದ್ದರೆ ಅದರ ಕಾರಣವನ್ನು ಬಹುಮಟ್ಟಿಗೆ ನಮ್ಮ ನಮ್ಮ ಮನೆಗಳಲ್ಲಿಯೇ ಹುಡುಕಬೇಕು.

ವಿಯೆನ್ನಾದ ಇನ್ನೊಂದು ನೆನಪು ಸಂತ ಮಾರ್ಕ್ಸ್ ಸ್ಮಶಾನದ್ದು. ಜನ ಅಲ್ಲಿಗೆ ಹೋಗುವುದು ಮೊಜಾರ್ಟನಿಗಾಗಿ. ನಾವೂ ಅದಕ್ಕಾಗಿಯೇ ಹೋದೆವು. 1864ರಲ್ಲಿ ಅಲ್ಲಿ ಮಣ್ಣುಗೂಡಿದ ಇನ್ನೊಬ್ಬನಿದ್ದ: ವುಕ್ ಕರಾಜಿಚ್. ಸರ್ಬಿಯದ ಹಳ್ಳಿಯಲ್ಲಿ ಹುಟ್ಟಿ, ಒಂದು ಕಾಲು ಊನವಾಗಿ, ತುರ್ಕರ ವಿರುದ್ಧದ ದಂಗೆ ಮುರಿದುಬಿದ್ದ 1813ರಲ್ಲಿ ವಿಯೆನ್ನಾಕ್ಕೆ ಬಂದ. ಅಲ್ಲಿ ಸ್ಲಾವ್ ಪುಸ್ತಕಗಳನ್ನು ಪರಿಶೀಲಿಸುವ ಸರಕಾರಿ ಅಧಿಕಾರಿಯಾಗಿದ್ದ ಕೊಪಿಟಾರ್ ಎಂಬ ಸ್ಲೊವೀನ್ ವಿದ್ವಾಂಸ ಅವನನ್ನು ಗುರುತಿಸಿದ. ಹಳ್ಳಿಗರ ಆಡುಮಾತನ್ನೇ ಆಧಾರವಾಗಿಟ್ಟುಕೊಂಡು, ಇಪ್ಪತ್ತಾರು ಸಾವಿರಕ್ಕೂ ಹೆಚ್ಚು ಪದಗಳಿಗೆ ಜರ್ಮನ್, ಲ್ಯಾಟಿನ್ ಅರ್ಥಗಳನ್ನು ಕೊಟ್ಟು ವುಕ್ ರಚಿಸಿದ ಸರ್ಬಿಯನ್ ನಿಘಂಟು 1818ರಲ್ಲಿ ಹೊರಬಂತು. ಅದನ್ನು ಮುದ್ರಿಸಿದವರು ಆಗಷ್ಟೇ ವಿಯೆನ್ನಾದಲ್ಲಿ ಬಂದು ನೆಲೆಸಿದ್ದ ಆರ್ಮೇನಿಯನ್ ಸನ್ಯಾಸಿಗಳು! ಜರ್ಮನ್ ಭಾಷೆಯ ರಾಜಧಾನಿಯಲ್ಲಿ, ಸ್ಲೊವೀನನ ಪ್ರೋತ್ಸಾಹದಿಂದ, ಆರ್ಮೇನಿಯನರ ಅಚ್ಚುಕೂಟದಲ್ಲಿ ಸರ್ಬಿಯನ್ ಭಾಷೆಗೆ ಹೊಸ ಜನ್ಮ. ನಮ್ಮ ನಿಘಂಟಿಗಾಗಿ ಕಿಟ್ಟೆಲ್ ಅವರು ತಮ್ಮ ನಾಡನ್ನು ಬಿಟ್ಟು ನಮ್ಮಲ್ಲಿಗೆ ಬಂದರು. ವುಕ್ ತನ್ನ ನುಡಿಯ ನಿಘಂಟಿಗಾಗಿ ತನ್ನ ನಾಡನ್ನು ಬಿಟ್ಟು ಹೋಗಬೇಕಾಯಿತು. 1897ರಲ್ಲಿ ಅವನ ಅಸ್ಥಿಗಳನ್ನು ಬೆಲ್‌ಗ್ರೇಡಿಗೆ ಒಯ್ದರು.

ಪ್ರಾಗ್ ಮೂರರಲ್ಲಿ ಅತ್ಯಂತ ಸುಂದರ ನಗರ, ಆದರೆ ಅದರ ಬಗ್ಗೆ ನಾವು ಹೇಳುವುದು ಕಡಿಮೆ. ಅಲ್ಲಿನ ರಾಷ್ಟ್ರೀಯ ರಂಗಮಂದಿರದಲ್ಲಿ ಅಗ್ಗದ ಟಿಕೇಟಿನ ಮೇಲಂತಸ್ತಿನಿಂದ ಒಂದು ಒಪೆರಾ ನೋಡಿದೆವು. ರಂಗದ ನೆತ್ತಿಯ ಮೇಲೆ, ನಾಡಜನ ತಮಗೆ ತಾವೇ ಕೊಟ್ಟುಕೊಂಡದ್ದು ಎಂಬರ್ಥದ ಎರಡು ಪದಗಳಿವೆ. 1881ರಲ್ಲಿ ಉದ್ಘಾಟನೆಯಾದ ಎರಡೇ ತಿಂಗಳಿಗೆ ಕಟ್ಟಡ ಸುಟ್ಟುಹೋಗಿ, ಜನ ಮತ್ತೆ ಚಂದಾ ಎತ್ತಿ 1883ರಲ್ಲಿ ಪುನಃ ತೆರೆದ ರಂಗಮಂದಿರವದು. ಕಣ್ಣು ತೇವವಾದದ್ದು ನಿಜ. ಆದರೆ ವಿಯೆನ್ನಾದಲ್ಲಿ ತಮ್ಮ ಶಾಲೆಗಾಗಿ ಅಂಗಲಾಚಿದ ಅದೇ ಜನ, ತಾವು ಬಹುಸಂಖ್ಯಾತರಾದ ಪ್ರಾಗ್‌ನಲ್ಲಿ 1890ರ ದಶಕದಲ್ಲಿ ಬೀದಿಫಲಕಗಳಿಂದ ಜರ್ಮನನ್ನು ಅಳಿಸಿಹಾಕಿದರು. ಕಾಫ್ಕಾನ ಬಾಲ್ಯ ಕಳೆದದ್ದು ಆ ಬೀದಿಗಳಲ್ಲಿ, ಓದಿದ್ದು ಜರ್ಮನ್ ಶಾಲೆಯಲ್ಲಿ. ಅವನ ಮೂವರು ತಂಗಿಯರನ್ನೂ ನಾಜಿಗಳು ಕೊಂದರು. ಪಿಂಕಸ್ ಸಿನಗಾಗ್‌ನ ಗೋಡೆಗಳ ಮೇಲೆ ಹಾಗೆ ಹತರಾದ ಬೊಹೀಮಿಯ, ಮೊರಾವಿಯಗಳ ಯೆಹೂದ್ಯರ ಹೆಸರುಗಳಿವೆ, ಎಪ್ಪತ್ತೇಳು ಸಾವಿರಕ್ಕೂ ಹೆಚ್ಚು. ಯುದ್ಧ ಮುಗಿದ ಮೇಲೆ ಜರ್ಮನರನ್ನು ಹೊರಗಟ್ಟಲಾಯಿತು. ಮೂರು ಸಮುದಾಯಗಳ ನಗರ ಒಂದರದಾಗಿ ಉಳಿಯಿತು. ಆ ಗೋಡೆಯ ಮುಂದೆ ನಿಂತಾಗ ರಂಗಮಂದಿರದ ಎರಡು ಪದಗಳು ಮತ್ತೆ ನೆನಪಾದವು. ಮೊದಲಿನ ಹಾಗೆ ಕೇಳಿಸಲಿಲ್ಲ.

ಬುಡಾಪೆಸ್ಟ್‌ನಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಒಂದು ಚಿಕ್ಕ ಬೀದಿ, ಸೆರ್ಬ್ ಉತ್ಸ. ಸರ್ಬರ ಬೀದಿ ಎಂದರ್ಥ. ಪೆಸ್ಟ್ ದಂಡೆಯ ಹಳೆಯ ನಗರದೊಳಗೆ, ಪೇಟೆಯ ಗದ್ದಲಕ್ಕೆ ಅಷ್ಟೇನೂ ದೂರವಲ್ಲದೆ, ಗೋಡೆಯ ಹಿಂದಿನ ತೋಟದಲ್ಲಿ ಸರ್ಬರ ಹದಿನೆಂಟನೆಯ ಶತಮಾನದ ಇಗರ್ಜಿ ಇದೆ. ಬುಡಾ, ಪೆಸ್ಟ್, ಓಬುಡಾಗಳು ಕೂಡಿ ಒಂದು ನಗರವಾದದ್ದು 1873ರಲ್ಲಿ. ಅದಕ್ಕೆ ಮೊದಲಿನ ಪೆಸ್ಟ್‌ನಲ್ಲಿ ಹಂಗೇರಿಯನ್ನಿಗಿಂತ ಜರ್ಮನ್ ಹೆಚ್ಚು ಕೇಳಿಬರುತ್ತಿತ್ತು; ಡ್ಯಾನ್ಯೂಬಿನ ವ್ಯಾಪಾರದಲ್ಲಿ ಸರ್ಬರು, ಗ್ರೀಕರು ಪ್ರಬಲರಾಗಿದ್ದರು.

1826ರಲ್ಲಿ ಆ ಪೆಸ್ಟ್‌ನ ಕೆಲವು ಸರ್ಬ್ ವರ್ತಕರು, ಜೊವಾನ್ ಹಾಜಿಚ್ ಎಂಬ ಇಪ್ಪತ್ತಾರರ ತರುಣ ಲೇಖಕನೊಡನೆ ಸೇರಿ ಒಂದು ಸಾಹಿತ್ಯ ಸಂಘವನ್ನು ಸ್ಥಾಪಿಸಿದರು. ಎರಡು ವರ್ಷಗಳ ಹಿಂದೆ ಆರಂಭವಾಗಿ ಹಣವಿಲ್ಲದೆ ಸೊರಗುತ್ತಿದ್ದ ‘ಲೆಟೊಪಿಸ್’ ಎಂಬ ಪತ್ರಿಕೆಯನ್ನು ಉಳಿಸಿಕೊಳ್ಳುವುದು ಅವರ ಮೊದಲ ಉದ್ದೇಶ. ಸಂಘಕ್ಕೆ ‘ಮಾತಿತ್ಸ ಸರ್ಪ್‌ಸ್ಕ’ ಎಂದು ಹೆಸರಿಟ್ಟರು. ಮಾತಿತ್ಸ ಎಂದರೆ ಜೇನುಗೂಡಿನ ರಾಣಿಹುಳ. ಆಗ ಬೆಲ್‌ಗ್ರೇಡಿನ ಕೋಟೆಯಲ್ಲಿ ತುರ್ಕರ ಸೇನೆಯಿತ್ತು. ಅದು ತೆರವಾದದ್ದು 1867ರಲ್ಲಿ. ಸರ್ಬಿಯದಲ್ಲಿ ಆಧುನಿಕ ಅಚ್ಚುಕೂಟವಿನ್ನೂ ಬಂದಿರಲಿಲ್ಲ. ಪೆಸ್ಟ್‌ಗೆ ಎದುರು ದಂಡೆಯ ಬುಡಾದಲ್ಲಾದರೋ ವಿಶ್ವವಿದ್ಯಾನಿಲಯದ ಮುದ್ರಣಾಲಯ ಸಿರಿಲಿಕ್ ಅಚ್ಚುಮೊಳೆಗಳನ್ನು ಇಟ್ಟುಕೊಂಡು ಸರ್ಬರಿಗೂ ರೊಮೇನಿಯನರಿಗೂ ಪುಸ್ತಕ ಮಾಡಿಕೊಡುತ್ತಿತ್ತು. ರೊಮೇನಿಯನ್ ಭಾಷೆಯ ಹೆಸರಾಂತ ನಾಲ್ಕು ಭಾಷೆಗಳ ನಿಘಂಟು 1825ರಲ್ಲಿ ಹೊರಬಂದದ್ದೂ ಅಲ್ಲಿಂದಲೇ. ಸರ್ಬರ ಸಂಘವನ್ನು ನೋಡಿ ಪ್ರಾಗ್‌ನ ಝೆಕ್ಕರು 1831ರಲ್ಲಿ ತಮ್ಮದೊಂದು ಮಾತಿತ್ಸವನ್ನು ಕಟ್ಟಿದರು. ಆಮೇಲೆ ಕ್ರೊವೇಷಿಯನರು, ಸ್ಲೊವಾಕರು, ಸ್ಲೊವೀನರು. ಒಂದು ಗೂಡಿನಿಂದ ಎಷ್ಟು ಗೂಡುಗಳು!

ನಮ್ಮನ್ನು ಹೆಚ್ಚು ತಟ್ಟಿದ್ದು ಆ ವರ್ತಕರ ವಿಷಯ. ಅವರು ಪಂಡಿತರಲ್ಲ. ಸರಕು, ಬಡ್ಡಿ, ಹಡಗಿನ ಬಾಡಿಗೆಗಳ ಲೆಕ್ಕದ ನಡುವೆ ಒಂದು ಪತ್ರಿಕೆಯ ಸಾಲವನ್ನೂ ತಮ್ಮ ಖಾತೆಗೆ ಹಾಕಿಕೊಂಡವರು. ಹೊರನಾಡಿನ ಯಾವ ಕನ್ನಡ ಸಂಘದ ಹಳೆಯ ನಡಾವಳಿ ಪುಸ್ತಕ ತೆರೆದರೂ ಇಂಥವರು ಸಿಗುತ್ತಾರೆ: ಸ್ವತಃ ಒಂದು ಸಾಲು ಬರೆಯದೆ, ಬರೆಯುವವರ ಸಭೆಗೆ ಕುರ್ಚಿ, ದೀಪ, ಉಪ್ಪಿಟ್ಟುಗಳ ಖರ್ಚು ಕೊಟ್ಟವರು. ಸಾಹಿತ್ಯ ಚರಿತ್ರೆಗಳಲ್ಲಿ ಇವರಿಗೊಂದು ಅಧ್ಯಾಯವಿರಬೇಕಿತ್ತು. 1838ರಲ್ಲಿ ಸಾವಾ ಟೆಕೆಲಿಯ ಎಂಬ ಸಿರಿವಂತ ಪೆಸ್ಟ್‌ನಲ್ಲಿ ಓದುವ ಬಡ ಸರ್ಬ್ ವಿದ್ಯಾರ್ಥಿಗಳಿಗೆ ವಸತಿನಿಲಯವನ್ನು ಸ್ಥಾಪಿಸಿದ. ಸಂಘ 1864ರಲ್ಲಿ ನೋವಿಸಾದ್ ಎಂಬ ಊರಿಗೆ ತೆರಳಿತು. ‘ಲೆಟೊಪಿಸ್’ ಈಗಲೂ ಹೊರಬರುತ್ತಿದೆ.

ನಾವು ಹೋದ ದಿನ ಭಾನುವಾರ. ಇಗರ್ಜಿಯೊಳಗೆ ಹತ್ತು ಹನ್ನೆರಡು ಜನ, ಹೆಚ್ಚಿನವರು ವೃದ್ಧರು. ಪ್ರಾರ್ಥನೆ ಮುಗಿದ ಮೇಲೆ ಅವರು ತೋಟದಲ್ಲಿ ನಿಂತು ಬಹಳ ಹೊತ್ತು ಹರಟಿದರು. ಹೊರಡಲು ಯಾರಿಗೂ ಮನಸ್ಸಿಲ್ಲದ ಆ ಬಗೆ ನಮಗೆ ಬಹಳ ಪರಿಚಿತವಾದದ್ದು.

ಮರಳುವ ವಿಮಾನ ವಿಯೆನ್ನಾದಿಂದ. ಕೊನೆಯ ಮಧ್ಯಾಹ್ನ ಮೂರನೆಯ ವಿಭಾಗದ ಸೆಬಾಸ್ಟಿಯನ್ ಚೌಕಕ್ಕೆ ಹೋದೆವು. ಕೊಮೆನ್ಸ್ಕಿ ಶಾಲೆ ಈಗ ಇರುವುದು ಅಲ್ಲಿ. ಚಕ್ರಾಧಿಪತ್ಯ ಕುಸಿದ ಮೇಲೆ ಲಕ್ಷಕ್ಕೂ ಹೆಚ್ಚು ಜನ ಹೊಸ ಚೆಕೊಸ್ಲೊವಾಕಿಯಕ್ಕೆ ಹೊರಟುಹೋದರು. ಉಳಿದವರ ಶಾಲೆಗಳಿಗೆ 1920ರ ಬ್ರ್ನೊ ಒಪ್ಪಂದದಿಂದ ರಕ್ಷಣೆ ದೊರೆಯಿತು. ನಾಜಿಗಳು ಬಂದು ಮುಚ್ಚಿಸಿದರು. ಯುದ್ಧದ ತರುವಾಯ ಮತ್ತೆ ತೆರೆದವು. ಈಗ ಶಿಶುವಿಹಾರದಿಂದ ಪದವಿಪೂರ್ವದವರೆಗೆ ಎರಡೂ ಭಾಷೆಗಳಲ್ಲಿ ಪಾಠ ನಡೆಯುತ್ತದೆ.

ಶಾಲೆ ಬಿಡುವ ಹೊತ್ತು. ಬಾಗಿಲಲ್ಲಿ ಕಾದಿದ್ದ ಅಜ್ಜಿಯೊಬ್ಬರು ಹೊರಬಂದ ಹುಡುಗನ ಕೋಟಿನ ಗುಂಡಿ ಹಾಕುತ್ತ ಝೆಕ್‌ನಲ್ಲಿ ಏನೋ ಗದರಿದರು. ಹುಡುಗ ಜರ್ಮನ್‌ನಲ್ಲಿ ಉತ್ತರಿಸಿದ. ಅಜ್ಜಿ ಗುಂಡಿಯಿಂದ ಕೈ ತೆಗೆಯದೆ ಹಾಗೆಯೇ ನಿಂತರು. ಕೊನೆಗೆ ಅವನು ಅದನ್ನೇ ಝೆಕ್‌ನಲ್ಲಿ ಹೇಳಿದ, ತುಸು ಮುನಿಸಿನಿಂದ. ಗುಂಡಿ ಹಾಕಿಯಾಯಿತು, ಇಬ್ಬರೂ ಟ್ರಾಮಿನ ಕಡೆಗೆ ನಡೆದರು.