ಬಳ್ಳಾರಿಯ ಪರದೇಶೀಯ ಉಪಾಧ್ಯಾಯರೂ ಅವರ ಗುರುಗಳೂ

ಕ್ರಿ. ಶ. 1810ರಲ್ಲಿ ಲಂಡನ್ ಮಿಷನರಿ ಸಂಘಕ್ಕೆ ಸೇರಿದ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಗಳು ಬಳ್ಳಾರಿಗೆ ಬಂದು ನೆಲಸಿದರು. ಅವರಿಗೆ ಮೊದಲು ಗೊತ್ತುಮಾಡಿದ್ದ ಸ್ಥಳ ಶ್ರೀರಂಗಪಟ್ಟಣ. ಅದು ಕೈಗೂಡದ ಕಾರಣ ಬಳ್ಳಾರಿಯು ಅವರ ಪಾಲಿಗೆ ಬಂದಿತು. ದತ್ತಮಂಡಲವೆಂದು ಹೆಸರಾದ ಈ ಸೀಮೆಯನ್ನು ನಿಜಾಮನು ಕಂಪೆನಿಯವರಿಗೆ ಬಿಟ್ಟುಕೊಟ್ಟು ಆಗ ಹತ್ತು ವರ್ಷ ಮಾತ್ರ ಕಳೆದಿದ್ದಿತು. ಬೆಟ್ಟದ ಮೇಲೆ ಕೋಟೆ, ಅದರ ಬುಡದಲ್ಲಿ ಪೇಟೆ, ಒತ್ತಿನಲ್ಲಿ ದಂಡು. ಅಂದಿನ ಬಳ್ಳಾರಿಯೆಂದರೆ ಇಷ್ಟೆ. ಹ್ಯಾಂಡ್ಸರನ್ನು ಇಂದು ಸ್ಮರಿಸುವವರು ಶಾಲೆಗಳನ್ನು ತೆರೆದವರೆಂದೂ ಬೈಬಲನ್ನು ಕನ್ನಡಕ್ಕೆ ತಂದವರೆಂದೂ ಸ್ಮರಿಸುತ್ತಾರೆ. ಆದರೆ ಉಪಾಧ್ಯಾಯರಾಗುವುದಕ್ಕೆ ಮೊದಲು ಅವರು ಅದೇ ಊರಿನಲ್ಲಿ ವಿದ್ಯಾರ್ಥಿಯಾಗಿದ್ದರೆಂಬುದನ್ನು ಚರಿತ್ರಕಾರರು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುವುದು ವಾಡಿಕೆ. ಪಾಠ ಹೇಳಲು ಬಂದವರಿಗೆ ಪಾಠ ಹೇಳಿದವರ ವಿದ್ಯೆ ಯಾವ ಬಗೆಯ ಮಠದಲ್ಲಿ ಬೆಳೆದುದು, ಆ ಮಠಗಳ ಗತಿಯೇನಾಯಿತು ಎಂಬುದು ಆ ಒಂದು ವಾಕ್ಯದೊಳಗೆ ಅಡಗಿಹೋಗಿದೆ.

ಹ್ಯಾಂಡ್ಸರು ಬಂದಾಗ ಅಚ್ಚಾದ ಕನ್ನಡ ವ್ಯಾಕರಣವೊಂದೂ ಇರಲಿಲ್ಲವೆಂಬುದನ್ನು ಮೊದಲು ನೆನೆಯಬೇಕು. ಶ್ರೀರಾಮಪುರದಲ್ಲಿ ಕೇರಿಯವರ ವ್ಯಾಕರಣ ಅಚ್ಚಾದುದು 1817ರಲ್ಲಿ; ಮದರಾಸಿನಲ್ಲಿ ಮೆಕೆರೆಲ್ಲರದು 1820ರಲ್ಲಿ. ಬಳ್ಳಾರಿಯಲ್ಲಿಯೇ ಹ್ಯಾಂಡ್ಸರ ಜತೆಗಾರರಾಗಿದ್ದ ವಿಲಿಯಂ ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿಯೂ ಹೊರಬಂದುವು. ಆದುದರಿಂದ ಮೊದಲು ಬಂದವರಿಗೆ ಪುಸ್ತಕವೆಂಬುದು ಮನುಷ್ಯನ ಬಾಯಿಯೇ ಆಗಿದ್ದಿತು. ಎದುರಿಗೆ ಕುಳಿತ ಮುನಷಿಯು ಉಚ್ಚರಿಸಬೇಕು, ಇವರು ಕೇಳಿ ತಮ್ಮ ಲಿಪಿಯಲ್ಲಿ ಬರೆದುಕೊಳ್ಳಬೇಕು, ಮತ್ತೆ ಪೇಟೆಯಲ್ಲಿ ಆಡಿ ನೋಡಿ, ನಕ್ಕವರ ಮುಖದಿಂದ ತಪ್ಪನ್ನು ಅರಿಯಬೇಕು. ಪರದೇಶೀಯ ಉಪಾಧ್ಯಾಯನ ನಿತ್ಯಸಾಹಸವೆಂದರೆ ಬಹುಮಟ್ಟಿಗೆ ಇದೇ.

ಇದೇ ಸಂಘದವರು ಇದೇ ಕಾಲದಲ್ಲಿ ಚೀನಾ ದೇಶಕ್ಕೆ ಕಳುಹಿಸಿದ್ದ ರಾಬರ್ಟ್ ಮಾರಿಸನ್ನರ ಸ್ಥಿತಿಯನ್ನು ಇದರೊಡನೆ ಹೋಲಿಸಿ ನೋಡತಕ್ಕದ್ದು. ಅವರು 1807ರಲ್ಲಿ ಕ್ಯಾಂಟನ್ ನಗರವನ್ನು ಮುಟ್ಟಿದರು. ಅಲ್ಲಿ ಪರದೇಶೀಯರು ವ್ಯಾಪಾರದ ಕಾಲದಲ್ಲಿ ಮಾತ್ರ ಇರಬಹುದಾಗಿದ್ದಿತು. ಉಳಿದ ಕಾಲ ಮಕಾವಿನಲ್ಲಿ ಕಳೆಯಬೇಕು. ಅವರಿಗೆ ಚೀನೀ ಭಾಷೆಯನ್ನು ಕಲಿಸುವುದು ಶಿಕ್ಷಾರ್ಹವಾದ ಅಪರಾಧ. 1759ರಲ್ಲಿ ಜೇಮ್ಸ್ ಫ್ಲಿಂಟ್ ಎಂಬ ಕಂಪೆನಿಯ ದುಭಾಷಿಯು ಚಕ್ರವರ್ತಿಗೆ ಅರ್ಜಿ ಕೊಟ್ಟುದಕ್ಕಾಗಿ, ಅದನ್ನು ಬರೆಯಲು ನೆರವಾದ ಚೀನೀಯನ ತಲೆಯನ್ನೇ ತೆಗೆದರು. ಫ್ಲಿಂಟನಿಗಾದುದು ಮೂರು ವರ್ಷದ ಸೆರೆ ಮಾತ್ರ. ಮಾರಿಸನ್ನರಿಗೆ ಕಲಿಸಿದವರು ಪ್ರಾಣಭಯದಿಂದಲೇ ಕಲಿಸಿದರು. ಬಳ್ಳಾರಿಯಲ್ಲಿ ಇಂತಹ ಭಯವೇನೂ ಇರಲಿಲ್ಲ. ಕನ್ನಡವನ್ನು ಕಲಿಸುವುದು ಇಲ್ಲಿ ಯಾರ ಅಪ್ಪಣೆಯನ್ನೂ ಬೇಡದ ಕೆಲಸವಾಗಿದ್ದಿತು. ಚೀನಾದಲ್ಲಿ ಅಪಾಯವಿದ್ದುದರಿಂದಲೇ ಮಾರಿಸನ್ನರ ಗುರುಗಳಲ್ಲಿ ಕೆಲವರ ಹೆಸರು ಕಥೆಯಾಗಿ ಉಳಿಯಿತು; ಬಳ್ಳಾರಿಯಲ್ಲಿ ಅದು ಸುಲಭವಾಗಿದ್ದುದರಿಂದ ಕಲಿಸಿದವನನ್ನು ಕೇಳುವವರಿಲ್ಲವಾಯಿತು.

ಸುಲಭವೆಂದರೆ ಕಲಿಕೆ ಸುಲಭವೆಂದಲ್ಲ. ಬಳ್ಳಾರಿಯ ವಾಯವ್ಯಕ್ಕೆ ಕುರುಗೋಡಿನ ಹಾದಿ ಹಿಡಿದರೆ, ಸಿಂದರ ರಾಜಧಾನಿಯಾಗಿದ್ದ ಆ ಊರಿನಲ್ಲಿ 12ನೆಯ ಶತಮಾನದ ಕನ್ನಡ ಶಾಸನಗಳು ನಿಂತಿವೆ. ಉತ್ತರಕ್ಕೆ ಹೋದರೆ ತುಂಗಭದ್ರೆಯ ಬಯಲಿನ ಸಿರುಗುಪ್ಪ. ಅಲ್ಲಿಂದ ಪೂರ್ವಕ್ಕೆ ಆದವಾನಿಯ ಕಡೆಗೆ ತಿರುಗಿದರೆ ಮಾತು ಊರೂರಿಗೆ ತೆಲುಗಿನ ಕಡೆಗೆ ವಾಲುತ್ತದೆ. ಸಂತೆಯಲ್ಲಿ ಎರಡು ಭಾಷೆ, ದಂಡಿನಲ್ಲಿ ಹಿಂದೂಸ್ತಾನಿ ಮತ್ತು ತಮಿಳು, ಹಳೆಯ ಲೆಕ್ಕಪತ್ರಗಳಲ್ಲಿ ಮರಾಠಿ. ಒಂದೇ ಬೀದಿಯಲ್ಲಿ ನಾಲ್ಕು ನುಡಿಗಳನ್ನು ಕೇಳುವವನಿಗೆ ಯಾವ ಮಾತು ಯಾವ ಭಾಷೆಯದೆಂದು ಬೇರ್ಪಡಿಸುವುದೇ ಮೊದಲನೆಯ ಪಾಠವಾಗಿದ್ದಿರಬೇಕು.

ಈ ಸೀಮೆಯ ವಿದ್ಯಾಭ್ಯಾಸದ ಸ್ಥಿತಿಯನ್ನು ತಿಳಿಯುವುದಕ್ಕೆ ಇರುವ ಅತ್ಯುತ್ತಮ ಆಧಾರವೂ ಒಬ್ಬ ಪರದೇಶೀಯನ ಬರೆವಣಿಗೆಯೇ. ಹಿಂದೆ ದತ್ತಮಂಡಲದ ಮೊದಲನೆಯ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಅವರು ಮದರಾಸಿನ ಗವರ್ನರಾಗಿ 1822ರಲ್ಲಿ ದೇಶೀಯ ಶಾಲೆಗಳ ಗಣತಿಗೆ ಆಜ್ಞೆ ಮಾಡಿದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ಲರು 1823ರ ಆಗಸ್ಟ್ 17ರಂದು ಉತ್ತರ ಬರೆದರು. ಇವರು ಬರಿಯ ಕಂದಾಯದ ಅಧಿಕಾರಿಯಲ್ಲ. 1816ರಲ್ಲಿ ತೆಲುಗು ವ್ಯಾಕರಣವನ್ನು ಪ್ರಕಟಿಸಿದವರು. ದ್ರಾವಿಡ ಭಾಷೆಗಳು ಒಂದು ಕುಲದವೆಂದು ಎಲ್ಲಿಸ್ ತೋರಿಸಿದುದು ಆ ವ್ಯಾಕರಣದ ಪೀಠಿಕೆಗೆ ಸೇರಿದ ಟಿಪ್ಪಣಿಯಲ್ಲಿಯೇ. ಜಿಲ್ಲೆಯ 9,27,857 ಜನರಲ್ಲಿ ಶಾಲೆಗಳು 533, ಓದುವ ಮಕ್ಕಳು 6,641 ಎಂದು ಅವರ ಲೆಕ್ಕ. ಕನ್ನಡ ಶಾಲೆಗಳು 235, ತೆಲುಗು 226, ಮರಾಠಿ 23, ಪಾರಸಿ 21, ತಮಿಳು 4, ಇಂಗ್ಲಿಷ್ ಒಂದೇ ಒಂದು. ಉಳಿದ 23 ಬ್ರಾಹ್ಮಣರಿಗೆ ಸಂಸ್ಕೃತದಲ್ಲಿ ಶಾಸ್ತ್ರಗಳನ್ನು ಹೇಳುವ ಪಾಠಶಾಲೆಗಳು. ಹೆಣ್ಣುಮಕ್ಕಳು 60 ಮಂದಿ. ಕನ್ನಡ ತೆಲುಗುಗಳ ಈ ಅಂಕೆಗಳನ್ನು 1953ರ ಗಡಿವಿವಾದದ ಬಳ್ಳಾರಿಗೆ ಅನ್ವಯಿಸುವವರು ಎಚ್ಚರದಿಂದಿರಬೇಕು. ಅನಂತಪುರ ಜಿಲ್ಲೆಯು ಇದರಿಂದ ಬೇರೆಯಾದುದು 1882ರಲ್ಲಿ, ಕ್ಯಾಂಬೆಲ್ಲರ ಜಿಲ್ಲೆಯು ಇಂದಿನದಕ್ಕಿಂತ ಬಹಳ ದೊಡ್ಡದು.

ಅಂಕೆಗಳಿಗಿಂತ ಬೆಲೆಯುಳ್ಳದ್ದು ಅವರು ಕೊಡುವ ಕೂಲಿಮಠದ ದಿನಚರಿ. ಐದನೆಯ ವರ್ಷದಲ್ಲಿ ಶುಭದಿನ ನೋಡಿ, ಗಣಪತಿಯ ಪೂಜೆ ಮಾಡಿ, ಅಕ್ಕಿಯಲ್ಲಿ ಬೆರಳಿನಿಂದ ಅಕ್ಷರ ತಿದ್ದಿಸಿ ಹುಡುಗನನ್ನು ಸೇರಿಸುತ್ತಿದ್ದರು. ಬೆಳಗ್ಗೆ ಆರು ಗಂಟೆಗೆ ಮಠ. ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆದು ಗೌರವಿಸುವರು. ಎರಡನೆಯವನಿಗೆ ಒಂದು ಸೊನ್ನೆ; ಅವನು ಹೊಗಳಿಕೆಗೂ ತೆಗಳಿಕೆಗೂ ತಕ್ಕವನಲ್ಲವೆಂದು ಅದರ ಅರ್ಥ. ಮೂರನೆಯವನಿಗೆ ಮೆಲ್ಲನೆ ಒಂದೇಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಏರುತ್ತ ಹೋಗುವುದು. ಸೋಮಾರಿಗೆ ಕೋದಂಡ, ಇಲ್ಲವೆ ಬಸ್ಕಿ. ಮರಳಿನ ಮೇಲೆ ತಿದ್ದಿ ಕೈ ಕುದುರಿದ ಬಳಿಕ ಓಲೆ ಕಡತಗಳು. ಜತೆಗೆ ಮಗ್ಗಿ ಮತ್ತು ಲೆಕ್ಕ. ಅಯ್ಯನವರು ಎಲ್ಲರಿಗೂ ತಾವೇ ಹೇಳುವುದಿಲ್ಲ. ಮುಂದಿನ ಹುಡುಗರು ಹಿಂದಿನವರಿಗೆ ಹೇಳಿಕೊಡುವರು, ಅಯ್ಯನವರು ಮೇಲಿನಿಂದ ಒಪ್ಪಿಸಿಕೊಳ್ಳುವರು. ಈ ಕ್ರಮವನ್ನು ಕ್ಯಾಂಬೆಲ್ಲರು ಮನಸಾರೆ ಹೊಗಳಿ, ಇಂಗ್ಲೆಂಡಿನವರು ಇದನ್ನು ಅನುಸರಿಸಿದುದು ಸರಿಯೇ ಎಂದಿದ್ದಾರೆ. ಮದರಾಸಿನಲ್ಲಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ನಮ್ಮ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು 1797ರಲ್ಲಿ ಪುಸ್ತಕ ಬರೆದು ಅಲ್ಲಿ ಹಬ್ಬಿಸಿದ ‘ಮದರಾಸ್ ಪದ್ಧತಿ’ ಇದೇ ಜಾತಿಯದು. ವಿನೋದವೇನೆಂದರೆ, ಕೆಲವು ವರ್ಷಗಳಲ್ಲಿಯೇ ಅದು ಹಡಗು ಹತ್ತಿ ಹಿಂದಿರುಗಿತು. 1814ರಲ್ಲಿ ಬಂಗಾಳದ ಚಿನ್ಸುರಾದಲ್ಲಿ ಲಂಡನ್ ಸಂಘದ ರಾಬರ್ಟ್ ಮೇ ಎಂಬುವರು ಅಂತಹ ಕ್ರಮದ ಶಾಲೆಗಳನ್ನು ಪಾಶ್ಚಾತ್ಯ ಸುಧಾರಣೆಯಾಗಿ ತೆರೆದರು.

ಪಠ್ಯಗ್ರಂಥಗಳ ಪಟ್ಟಿಯು ಸಾಹಿತ್ಯಾಭ್ಯಾಸಿಗಳ ಕಣ್ಣನ್ನು ವಿಶೇಷವಾಗಿ ಸೆಳೆಯತಕ್ಕದ್ದು. ರಾಮಾಯಣ, ಭಾರತ, ಭಾಗವತಗಳಲ್ಲದೆ ಲಿಂಗವಂತರ ಮಕ್ಕಳು ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳನ್ನು ಓದುತ್ತಿದ್ದರು. ವಿನೋದಕ್ಕೆ ಪಂಚತಂತ್ರ, ಬೇತಾಳ ಪಂಚವಿಂಶತಿ. ಹರಿಹರ ರಾಘವಾಂಕರ ಹಂಪೆಯು ಈ ಜಿಲ್ಲೆಯಲ್ಲಿಯೇ ಇದ್ದಿತೆಂಬುದನ್ನು ನೆನೆದರೆ, ಆರು ಶತಮಾನಗಳಾದ ಮೇಲೂ ಅವರ ಕಾವ್ಯಗಳು ತಮ್ಮ ನೆಲದ ಮಕ್ಕಳ ಬಾಯಲ್ಲಿದ್ದುವೆಂದಾಗುತ್ತದೆ. ಅದೇ ಪಟ್ಟಿಯಲ್ಲಿ, ದುಬಾರಿಯಾದುದರಿಂದ ಬಹು ವಿರಳವೆಂಬ ಮಾತಿನೊಡನೆ, ಶಬ್ದಮಣಿದರ್ಪಣವೂ ಸೇರಿದೆ. ಕೇಶಿರಾಜನ ಈ ವ್ಯಾಕರಣವನ್ನು ಗ್ಯಾರೆಟ್ಟರು ಅಚ್ಚುಮಾಡಿದುದು 1868ರಲ್ಲಿ, ಕಿಟ್ಟೆಲ್ಲರು 1872ರಲ್ಲಿ. ಪರದೇಶೀಯ ವಿದ್ವಾಂಸರು ಅದನ್ನು ಬೆಳಕಿಗೆ ತಂದರೆಂದು ಹೇಳುವುದು ನಮ್ಮಲ್ಲಿ ರೂಢಿ. ಅಚ್ಚಿನ ಬೆಳಕಿಗೆ ತಂದರೆಂದರೆ ನಿಜ. ಆದರೆ ಅದಕ್ಕೆ 45 ವರ್ಷ ಹಿಂದೆಯೇ ಅದು ಬಳ್ಳಾರಿ ಸೀಮೆಯ ಮಠಗಳ ಪಾಠಗ್ರಂಥವಾಗಿ ಸರಕಾರದ ಕಾಗದದಲ್ಲಿ ದಾಖಲಾಗಿದ್ದಿತು.

ಹುಡುಗರು ಅರ್ಥವಿಲ್ಲದೆ ಗಿಳಿಯಂತೆ ಪದ್ಯಗಳನ್ನು ಒಪ್ಪಿಸುತ್ತಾರೆ, ಗ್ರಂಥದ ಭಾಷೆ ಬೇರೆ ಆಡುಮಾತು ಬೇರೆ, ಅನೇಕ ಅಯ್ಯಗಳಿಗೂ ಅರ್ಥ ತಿಳಿಯದು ಎಂಬುದು ಕ್ಯಾಂಬೆಲ್ಲರ ಆಕ್ಷೇಪಣೆ. ಇದರಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಆದರೆ ಬಾಯಿಪಾಠದ ಬಲವೇ ಅಚ್ಚಿಲ್ಲದ ಕಾಲದಲ್ಲಿ ಗ್ರಂಥಭಂಡಾರವಾಗಿದ್ದಿತೆಂಬುದನ್ನು ಅವರು ಗಣನೆಗೆ ತಂದುಕೊಂಡಂತೆ ಕಾಣುವುದಿಲ್ಲ. ನಿಘಂಟು ಬರೆಯಲು ಹೊರಟ ಪರದೇಶೀಯನಿಗೆ ಒಂದು ಶಬ್ದಕ್ಕೆ ಹತ್ತು ಪ್ರಯೋಗಗಳನ್ನು ಕೂತಲ್ಲಿಯೇ ಒದಗಿಸಬಲ್ಲವನು ಅಂತಹ ‘ಗಿಳಿ’ಯಲ್ಲದೆ ಬೇರೆ ಯಾರು?

ಅವರ ವರದಿಯ ಕಡೆಯ ಭಾಗ ಹೆಚ್ಚು ಕಠಿನವಾದುದು. ಹಿಂದೆ ಶಾಲೆಯಿದ್ದ ಅನೇಕ ಗ್ರಾಮಗಳಲ್ಲಿ ಈಗ ಶಾಲೆಯಿಲ್ಲ. ದೊಡ್ಡ ಶಾಲೆಯಿದ್ದೆಡೆಗಳಲ್ಲಿ ಉಳ್ಳವರ ಮಕ್ಕಳು ಕೆಲವರು ಮಾತ್ರ ಕಲಿಯುತ್ತಾರೆ. ಯುರೋಪಿನ ಬಟ್ಟೆಯು ಬಂದು ನೆಯ್ಗೆಯವರೇ ಮೊದಲಾದ ಕೈಕಸುಬಿನವರ ಸಂಪಾದನೆ ಕುಗ್ಗಿತು; ದೇಶದ ಹಣವು ಹೊರಕ್ಕೆ ಹರಿಯಿತು; ತಿಂಗಳಿಗೆ ಕಾಲು ರೂಪಾಯಿ ಅರ್ಧ ರೂಪಾಯಿ ಕೊಡುವ ಶಕ್ತಿ ತಂದೆತಾಯಿಗಳಿಗೆ ತಪ್ಪಿತು. 533 ಸಂಸ್ಥೆಗಳಲ್ಲಿ ಒಂದಕ್ಕೂ ಸರಕಾರದ ನೆರವಿಲ್ಲವೆಂದು ಬರೆಯಲು ತಮಗೆ ನಾಚಿಕೆಯಾಗುತ್ತದೆಂದು ಕಂಪೆನಿಯ ಅಧಿಕಾರಿಯೇ ಬರೆದಿರುವುದು ಸಾಮಾನ್ಯ ಸಂಗತಿಯಲ್ಲ. ಮನ್ರೋ ಅವರು 1826ರಲ್ಲಿ ಜಿಲ್ಲೆಗೂ ತಾಲ್ಲೂಕಿಗೂ ಸರಕಾರದ ಶಾಲೆಗಳನ್ನು ಸೂಚಿಸಿದರು. ಮರುವರ್ಷವೇ ಇದೇ ಸೀಮೆಯ ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ತೀರಿಕೊಂಡರು. ಬಳ್ಳಾರಿ ವರದಿಯು ಸಾಮಾನ್ಯ ವಾಚಕರಿಗೆ ಚೆನ್ನಾಗಿ ಪರಿಚಿತವಾದುದು 1983ರಲ್ಲಿ ಧರ್ಮಪಾಲರು ಈ ಕಾಗದಗಳನ್ನೆಲ್ಲ ಒಟ್ಟಿಗೆ ಪ್ರಕಟಿಸಿದ ಮೇಲೆ.

ಇತ್ತ ಮಿಷನ್ನಿನ ಕೆಲಸ ನಡೆದೇ ಇದ್ದಿತು. ಹ್ಯಾಂಡ್ಸರ ಬೈಬಲ್ ಭಾಷಾಂತರವು 1831ರಲ್ಲಿ ಪೂರ್ಣವಾಗಿ ಹೊರಬಂದಿತು. ಅದರ ಕನ್ನಡ ಒರಟೆಂದು ಮುಂದಿನ ತಲೆಮಾರಿನ ಮಿಷನರಿಗಳೇ ಭಾವಿಸಿ ಶತಮಾನದ ನಡುವೆ ತಿದ್ದಿದರು. ವ್ಯಾಕರಣವಿಲ್ಲದೆ ಕಿವಿಯಿಂದ ಕಲಿತವರ ಮೊದಲ ಪ್ರಯತ್ನದಲ್ಲಿ ಒರಟುತನವಲ್ಲದೆ ಮತ್ತೇನನ್ನು ನಿರೀಕ್ಷಿಸಬಹುದು? ಕನ್ನಡಕ್ಕೆ ತಾವೂ ಹೊರಗಿನವರೇ ಆಗಿದ್ದ ಸ್ಯಾಮ್ಯುಯೆಲ್ ಫ್ಲೇವೆಲ್ ಎಂಬ ತಮಿಳು ಬೋಧಕರು ಬಳ್ಳಾರಿಯಲ್ಲಿ ಬಹುಕಾಲ ದುಡಿದು 1847ರಲ್ಲಿ ಅದೇ ವಾಂತಿಭೇದಿಗೆ ತುತ್ತಾದರು. ಅದಕ್ಕೆ ಒಂದು ವರ್ಷ ಮೊದಲು, 1846ರಲ್ಲಿ, ವಾರ್ಡ್ಲಾ ಪಾದ್ರಿಗಳ ಇಂಗ್ಲಿಷ್ ಶಾಲೆ ಆರಂಭವಾಯಿತು; ಅವರ ಹೆಸರಿನ ಸಂಸ್ಥೆ ಬಳ್ಳಾರಿಯಲ್ಲಿ ಇಂದಿಗೂ ಇದೆ. ಕ್ಯಾಂಬೆಲ್ಲರ ಗಣತಿಯಲ್ಲಿ 533ಕ್ಕೆ ಒಂದಾಗಿದ್ದ ಇಂಗ್ಲಿಷ್ ಶಾಲೆಯು ಉದ್ಯೋಗದ ಬಾಗಿಲಾಯಿತು. ಅಯ್ಯಗಳ ಮಠಗಳು ಒಂದೊಂದಾಗಿ ಮುಚ್ಚಿಕೊಂಡುವು.

ರೀವರ ನಿಘಂಟು ಬಹುಕಾಲ ಬಾಳಿತು. 1858ರಲ್ಲಿ ಬೆಂಗಳೂರಿನಲ್ಲಿ ಸ್ಯಾಂಡರ್ಸನ್ನರು ಅದನ್ನು ಪರಿಷ್ಕರಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ಲರ ಮಹಾಕೋಶವು ಅದನ್ನು ತನ್ನ ಹಿಂದಿನ ಮೆಟ್ಟಿಲಾಗಿ ಅಂಗೀಕರಿಸಿತು. ಹೀಗೆ ರೀವ್, ಸ್ಯಾಂಡರ್ಸನ್, ಕಿಟ್ಟೆಲ್ ಎಂದು ಮೂರು ತಲೆಮಾರಿನ ವಂಶಾವಳಿಯನ್ನು ಬರೆಯಬಹುದಾಗಿದೆ. ರೀವರಿಗೆ ಮೊದಲಿನ ತಲೆಮಾರು ಬಳ್ಳಾರಿಯ ಬಂಗಲೆಯೊಂದರ ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತು, ಸಂಬಳಕ್ಕೆ ಶಬ್ದಗಳ ಅರ್ಥ ಹೇಳುತ್ತಿದ್ದಿತು. ನಿಘಂಟಿನ ಮುಖಪತ್ರದಲ್ಲಿರುವುದು ಒಂದೇ ಹೆಸರು, ಪಾದ್ರಿ ವಿಲಿಯಂ ರೀವ್.