ಟಿಪ್ಪಣಿ ಹಾಳೆ ಇಲ್ಲದ ಕಡತ: ಆರ್ಕೈವಿಸ್ಟರ ಆನ್‌ಲೈನ್ ವೃತ್ತಿಚರ್ಚೆ ಮತ್ತು ಅದರ ಉಳಿವು

2007ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಆರ್ಕೈವಿಸ್ಟರ ಸಂಘ (ಸೊಸೈಟಿ ಆಫ್ ಅಮೆರಿಕನ್ ಆರ್ಕೈವಿಸ್ಟ್ಸ್) ಒಂದು ಪ್ರಕಟಣೆ ಹೊರಡಿಸಿತು. 'ಆರ್ಕೈವ್ಸ್ ಅಂಡ್ ಆರ್ಕೈವಿಸ್ಟ್ಸ್' ಎಂಬ ಇಮೇಲ್ ಚರ್ಚಾಬಳಗದಲ್ಲಿ 1993ರಿಂದ 2006ರ ತನಕ ನಡೆದ ಪತ್ರವ್ಯವಹಾರ ಓಹಾಯೋ ರಾಜ್ಯದ ಮಯಾಮಿ ವಿಶ್ವವಿದ್ಯಾಲಯದ ಸರ್ವರ್‌ನಲ್ಲಿತ್ತು. ಬಳಗದ ಉಸ್ತುವಾರಿ ಅಷ್ಟರಲ್ಲಿ ಸಂಘದ ಕೈಗೆ ಬಂದಿತ್ತು. ಹಳೆಯ ಸಂದೇಶಗಳನ್ನು ಮಾತ್ರ ತಾನು ಉಳಿಸಿಕೊಳ್ಳುವುದಿಲ್ಲ, ಅವು ಅಳಿದುಹೋಗಲಿವೆ ಎಂಬುದು ಪ್ರಕಟಣೆಯ ಸಾರ. ಲೋಕದ ದಾಖಲೆಗಳನ್ನು ಕಾಯುವವರು ತಮ್ಮದೇ ಮಾತನ್ನು ವಿಲೇವಾರಿ ಮಾಡಲು ಹೊರಟಿದ್ದಾರೆಂದು ಬಳಗದವರು ಸಿಡಿದೆದ್ದರು. ಸಂಘ ಹಿಂದೆ ಸರಿಯಿತು, ಸಂದೇಶಗಳು ಉಳಿದವು.

ಇದನ್ನೊಂದು ತಮಾಷೆಯ ಪ್ರಸಂಗವೆಂದು ಹೇಳಿ ಮುಗಿಸಿಬಿಡಬಹುದು. ಆದರೆ ಆ ನಿರ್ಧಾರ ತೀರ ಅವಿವೇಕದ್ದೇನಾಗಿರಲಿಲ್ಲ. ಯಾವ ದಾಖಲೆ ಉಳಿಯಬೇಕೆಂದು ತೂಗಲು ವೃತ್ತಿ ತಾನೇ ಒಪ್ಪಿಕೊಂಡು ಬಂದಿರುವ ಮೌಲ್ಯಮಾಪನದ ಸೂತ್ರಗಳು ಬಹುಮಟ್ಟಿಗೆ ಅತ್ತಲೇ ಕೈತೋರುತ್ತವೆ. ಹಾಗಾದರೆ ದೋಷ ಸೂತ್ರಗಳಲ್ಲಿದೆಯೇ, ಅವನ್ನು ಅನ್ವಯಿಸುವ ಬಗೆಯಲ್ಲಿದೆಯೇ? ಮುಂದೆ ಆರ್ಕೈವಿಸ್ಟರ ಮಾತು ಇಮೇಲಿನಿಂದ ಟ್ವಿಟರ್‌ಗೆ, ನಮ್ಮಲ್ಲಿ ವಾಟ್ಸಾಪ್‌ಗೆ ಜಾರಿದಂತೆಲ್ಲ ಈ ಪ್ರಶ್ನೆ ಬಿಗಿಯಾಗುತ್ತ ಬಂದಿದೆ.

ಬಳಗ ಹುಟ್ಟಿದ್ದು 1989ರಲ್ಲಿ, ವಿಶ್ವವಿದ್ಯಾಲಯಗಳ ಗಣಕಗಳನ್ನು ಬೆಸೆದಿದ್ದ ಬಿಟ್‌ನೆಟ್ ಜಾಲದ ಕಾಲದಲ್ಲಿ. ಲಿಸ್ಟ್‌ಸರ್ವ್ ಎಂಬ ತಂತ್ರಾಂಶ ಒಬ್ಬರು ಬರೆದದ್ದನ್ನು ಎಲ್ಲ ಚಂದಾದಾರರ ಅಂಚೆಪೆಟ್ಟಿಗೆಗೂ ಹಂಚುತ್ತಿತ್ತು. ಕೆನಡಾದಲ್ಲಿ ಆರ್ಕ್ಯಾನ್-ಎಲ್, ಬ್ರಿಟನ್ನಿನಲ್ಲಿ ಆರ್ಕೈವ್ಸ್-ಎನ್‌ಆರ್‌ಎ ಎಂಬ ಇಂಥವೇ ಬಳಗಗಳಿದ್ದವು. ಈ ವೃತ್ತಿಗೆ ಇಂಥ ಸಾಧನ ಏಕೆ ಅಷ್ಟು ಬೇಗ ಒಗ್ಗಿತು ಎನ್ನುವುದಕ್ಕೆ ಕಾರಣ ವೃತ್ತಿಯ ಸ್ವರೂಪದಲ್ಲೇ ಇದೆ. ವಕೀಲನಿಗೆ ಬಾರ್ ಕೊಠಡಿಯಿದೆ, ವೈದ್ಯನಿಗೆ ಪಕ್ಕದ ವಾರ್ಡಿನ ವೈದ್ಯನಿದ್ದಾನೆ. ಆರ್ಕೈವಿಸ್ಟ್ ಬಹಳ ಕಡೆ ಇಡೀ ಸಂಸ್ಥೆಗೆ ಒಬ್ಬನೇ ಅಥವಾ ಒಬ್ಬಳೇ. ನೆಲಮಾಳಿಗೆಯ ಪೆಟ್ಟಿಗೆಗಳಿಗೆ ಬೂಷ್ಟು ಹಿಡಿದರೆ, ತೊಗಲಿನ ರಟ್ಟು ಪುಡಿಪುಡಿಯಾಗಿ ಉದುರತೊಡಗಿದರೆ, ಪತ್ರಗಳನ್ನು ಕೊಟ್ಟ ಮನೆತನದವರು ಹತ್ತು ವರ್ಷದ ಬಳಿಕ ಬಂದು ಒಂದು ಕಟ್ಟನ್ನು ಹಿಂದಕ್ಕೆ ಕೇಳಿದರೆ, ಯಾರನ್ನು ಕೇಳುವುದು? 1938ರಿಂದ ಬರುತ್ತಿರುವ 'ದಿ ಅಮೆರಿಕನ್ ಆರ್ಕೈವಿಸ್ಟ್' ನಿಯತಕಾಲಿಕ ಸಿದ್ಧಾಂತ ಕಲಿಸುತ್ತದೆ. ಮಧ್ಯಾಹ್ನದೊಳಗೆ ಉತ್ತರ ಕೊಡುವುದಿಲ್ಲ.

ಇನ್ನು ಮೌಲ್ಯಮಾಪನ. ಇಂಗ್ಲೆಂಡಿನ ಹಿಲರಿ ಜೆಂಕಿನ್‌ಸನ್ ತನ್ನ 1922ರ ಕೈಪಿಡಿಯಲ್ಲಿ ಉಳಿಸಬೇಕಾದದ್ದನ್ನು ಆರಿಸುವ ಅಧಿಕಾರವನ್ನೇ ಆರ್ಕೈವಿಸ್ಟನಿಗೆ ಕೊಡಲು ಒಪ್ಪಲಿಲ್ಲ. ಕಡತಗಳ ರಾಶಿಯಲ್ಲಿ ಮುಳುಗುತ್ತಿದ್ದ ಅಮೆರಿಕಕ್ಕೆ ಆ ಬಿಗುಮಾನ ಸಾಗಲಿಲ್ಲ. 1956ರಲ್ಲಿ ಟಿ. ಆರ್. ಶೆಲೆನ್‌ಬರ್ಗ್ ದಾಖಲೆಗೆ ಎರಡು ಬಗೆಯ ಮೌಲ್ಯ ಹೇಳಿದ: ಸಂಸ್ಥೆಯೊಂದು ಹೇಗೆ ಕೆಲಸ ಮಾಡಿತೆಂಬುದಕ್ಕೆ ಸಾಕ್ಷಿಯಾಗುವ ಮೌಲ್ಯ, ವ್ಯಕ್ತಿ ವಿಷಯಗಳ ಬಗೆಗೆ ಮಾಹಿತಿ ಕೊಡುವ ಮೌಲ್ಯ. ಈ ತಕ್ಕಡಿಯಲ್ಲಿ ಬಳಗದ ಸಂದೇಶಗಳನ್ನು ಒಂದೊಂದಾಗಿ ಇಟ್ಟು ತೂಗಿದರೆ ಏನಾಗುತ್ತದೆ? ಉದ್ಯೋಗದ ಜಾಹೀರಾತು, ಸಮ್ಮೇಳನದ ಕರೆ, 'ಧನ್ಯವಾದ, ಉಪಯೋಗವಾಯಿತು' ಎಂಬ ಒಂದು ಸಾಲು, ಚಂದಾ ರದ್ದು ಮಾಡಿ ಎಂದು ತಪ್ಪಿ ಎಲ್ಲರಿಗೂ ಕಳಿಸಿದ ಕೋರಿಕೆ. ಬಳಗ ಸಂಘದ ಅಧಿಕೃತ ಅಂಗವೂ ಅಲ್ಲದ್ದರಿಂದ ಸಂಘದ ಆಡಳಿತಕ್ಕೆ ಅದು ಸಾಕ್ಷಿಯಾಗದು. ಅಳಿಸಬಹುದು ಎಂದೇ ತಕ್ಕಡಿ ಹೇಳುತ್ತದೆ.

ಇಲ್ಲಿ ನಮ್ಮ ಸರ್ಕಾರಿ ಕಚೇರಿಯ ಪದ್ಧತಿಯೊಂದು ದಾರಿ ತೋರುತ್ತದೆಂದು ನನ್ನ ನಂಬಿಕೆ. ಕರ್ನಾಟಕದ ಯಾವ ಕಚೇರಿಯ ಕಡತ ತೆಗೆದರೂ ಎರಡು ಭಾಗ: ಪತ್ರವ್ಯವಹಾರ, ಟಿಪ್ಪಣಿ. ಬಂದ ಅರ್ಜಿ, ಹೋದ ಆದೇಶ ಒಂದು ಕಡೆ. ವಿಷಯ ನಿರ್ವಾಹಕನಿಂದ ಕಾರ್ಯದರ್ಶಿಯವರೆಗೆ ಒಬ್ಬೊಬ್ಬರೂ ಬರೆದ ಅಭಿಪ್ರಾಯ, ಆಕ್ಷೇಪ, 'ಚರ್ಚಿಸಿ' ಎಂಬ ಒಂದು ಪದದ ಷರಾ ಇನ್ನೊಂದು ಕಡೆ. ಟಿಪ್ಪಣಿಯ ಒಂದೊಂದು ನಮೂದನ್ನು ಕಿತ್ತು ಮೌಲ್ಯ ಕಟ್ಟುವ ಹುಚ್ಚು ಯಾರಿಗೂ ಹಿಡಿಯುವುದಿಲ್ಲ. ಕಡತ ಮುಕ್ತಾಯವಾದಾಗ ಅದನ್ನು ಇಡಿಯಾಗಿ 'ಎ'ಯಿಂದ 'ಇ'ವರೆಗಿನ ಒಂದು ವರ್ಗಕ್ಕೆ ಸೇರಿಸುತ್ತಾರೆ. 'ಎ' ಶಾಶ್ವತ, 'ಬಿ' 30 ವರ್ಷ, 'ಸಿ' 10, 'ಡಿ' 5, 'ಇ' ಒಂದೇ ವರ್ಷ. ಆದೇಶ ಎಷ್ಟು ಕಾಲ ಬಾಳುತ್ತದೋ ಟಿಪ್ಪಣಿಯೂ ಅಷ್ಟು ಕಾಲ. ಆದೇಶ ಏನಾಯಿತೆಂದು ಹೇಳುತ್ತದೆ. ಏಕಾಯಿತೆಂಬುದು ಟಿಪ್ಪಣಿಯಲ್ಲಿರುತ್ತದೆ, ಬೇರೆ ಯಾವ ದಾರಿಗಳನ್ನು ಕೈಬಿಟ್ಟರು ಎಂಬುದೂ ಅಲ್ಲೇ.

ವೃತ್ತಿಬಳಗದ ಮಾತು ವೃತ್ತಿಯ ಟಿಪ್ಪಣಿ ಹಾಳೆ. ಮಾನಕಗಳು, ಕೈಪಿಡಿಗಳು, ನಿಯತಕಾಲಿಕದ ಲೇಖನಗಳು ಅದರ ಆದೇಶಗಳು. ವಿವರಣೆಯ ಮಾನಕವೊಂದು ಇಂಥ ರೂಪ ಪಡೆದದ್ದೇಕೆ, ಸಣ್ಣ ಪತ್ರಾಗಾರಗಳು ಅದನ್ನು ಎಲ್ಲಿ ಮುರಿದುಕೊಂಡವು, ಯಾವ ರಾಸಾಯನಿಕ ಚಿಕಿತ್ಸೆಯನ್ನು ಒಂದು ಕಾಲಕ್ಕೆ ಎಲ್ಲರೂ ಹೊಗಳಿ ಆಮೇಲೆ ಸದ್ದಿಲ್ಲದೆ ಬಿಟ್ಟರು ಎಂಬುದನ್ನು ಆದೇಶಗಳಿಂದ ಹೆಕ್ಕಲಾಗದು. 2007ರಲ್ಲಿ ಎಡವಿದ್ದು ಘಟಕದ ಆಯ್ಕೆಯಲ್ಲಿ: ತೂಗಬೇಕಾದದ್ದು ಪ್ರಶ್ನೆ, ಉತ್ತರ, ಮರುತ್ತರ ಕೂಡಿದ ಎಳೆಯನ್ನು, ಎಳೆಗಳೆಲ್ಲ ಕೂಡಿದ ಒಟ್ಟು ಬಳಗವನ್ನು. ಅಮೆರಿಕದ ರಾಷ್ಟ್ರೀಯ ಪತ್ರಾಗಾರವೇ 2013ರಲ್ಲಿ 'ಕ್ಯಾಪ್‌ಸ್ಟೋನ್' ಎಂಬ ಪದ್ಧತಿ ತಂದು, ಸರ್ಕಾರಿ ಇಮೇಲನ್ನು ಸಂದೇಶವಾರು ಜರಡಿ ಹಿಡಿಯುವ ಬದಲು ಹಿರಿಯ ಅಧಿಕಾರಿಗಳ ಖಾತೆಯನ್ನು ಇಡಿಯಾಗಿ ಶಾಶ್ವತವೆಂದು ಉಳಿಸುವ ದಾರಿ ತೆರೆಯಿತು. ಖರ್ಚಿನ ಲೆಕ್ಕ ಅದರ ಹಿಂದಿದ್ದರೂ ತತ್ತ್ವ ಅದೇ.

ಇಮೇಲಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ಆಮೇಲೆ ಬಂದ ಯಾವ ಮಾಧ್ಯಮಕ್ಕೂ ಈ ಗುಣ ದಕ್ಕಲಿಲ್ಲ. 1982ರ ಇಮೇಲ್ ಮಾನಕದಲ್ಲೇ ಪ್ರತಿ ಸಂದೇಶಕ್ಕೆ ಒಂದು ಗುರುತುಸಂಖ್ಯೆ ಇಡಲು, ಉತ್ತರವಾದರೆ ಯಾವುದಕ್ಕೆ ಉತ್ತರವೆಂದು ಶಿರೋಭಾಗದಲ್ಲಿ ನಮೂದಿಸಲು ಅವಕಾಶವಿದೆ. ಸಂದೇಶಗಳೆಲ್ಲ ಬರಿಯ ಪಠ್ಯ. ಇಪ್ಪತ್ತೈದು ವರ್ಷದ ಬಳಿಕ ಯಾವ ಕಂಪನಿಯ ಅಪ್ಪಣೆಯೂ ಇಲ್ಲದೆ ಆ ರಾಶಿಯನ್ನು ತೆರೆದು, ಯಾರು ಯಾರಿಗೆ ಯಾವ ಕ್ರಮದಲ್ಲಿ ಹೇಳಿದರೆಂದು ಮತ್ತೆ ಕಟ್ಟಬಹುದು. ಪ್ರತಿಯೂ ಒಂದೇ ಕಡೆ ಇರುವುದಿಲ್ಲ. ಚಂದಾದಾರರೆಲ್ಲರ ಅಂಚೆಪೆಟ್ಟಿಗೆಯಲ್ಲಿ ಚೂರುಪಾರು ಉಳಿದಿರುತ್ತದೆ. ಪತ್ರಾಗಾರ ಶಾಸ್ತ್ರ ಬಯಸುವ ಮೂಲಕ್ರಮ ತಾನಾಗಿ ದೊರೆಯುವ ಮಾಧ್ಯಮವದು.

ಆದರೂ ಜನ ಅದನ್ನು ಬಿಟ್ಟರು, ಅದಕ್ಕೆ ಸಕಾರಣವೂ ಇತ್ತು. ಬಳಗದ ದನಿ ಗಡುಸಾಗಿತ್ತು. ಕೆಲವೇ ಹಿರಿಯರು ಹೆಚ್ಚು ಮಾತಾಡುತ್ತಿದ್ದರು, ಹೊಸಬರ ಪ್ರಶ್ನೆಗೆ ಒಮ್ಮೊಮ್ಮೆ ಏಟಿನಂಥ ಉತ್ತರ ಬರುತ್ತಿತ್ತು. ಎಳೆಯ ತಲೆಮಾರಿನವರು ಟ್ವಿಟರ್‌ನಲ್ಲಿ 'ದಟ್ ಡಾರ್ನ್ ಲಿಸ್ಟ್' ಎಂಬ ಹ್ಯಾಶ್‌ಟ್ಯಾಗ್ ಕಟ್ಟಿ, ಬಳಗದಲ್ಲಿ ನಡೆಯುತ್ತಿದ್ದುದನ್ನು ಹೊರಗಿನಿಂದ ಗೇಲಿ ಮಾಡಿದರು, ವಿಮರ್ಶೆಯನ್ನೂ ಮಾಡಿದರು. (ಟಿಪ್ಪಣಿಯ ಮೇಲೊಂದು ಟಿಪ್ಪಣಿ! ಅದನ್ನು ಎಷ್ಟರಮಟ್ಟಿಗೆ ಉಳಿಸಿದ್ದಾರೆ ಎಂಬುದೇ ಒಂದು ಸಂಶೋಧನೆಯ ವಸ್ತು.) ಕೊನೆಗೆ 2017ರ ಅಂತ್ಯಕ್ಕೆ ಸಂಘ ಹಳೆಯ ಬಳಗವನ್ನು ಮುಚ್ಚಿ, ಖಾತೆ ತೆರೆದು ಒಳಹೋಗಬೇಕಾದ ತನ್ನದೇ ಚರ್ಚಾವೇದಿಕೆಗೆ ಎಲ್ಲರನ್ನೂ ಕರೆದೊಯ್ದಿತು.

ಟ್ವಿಟರ್‌ನಿಂದ ವೃತ್ತಿಗೆ ಆದ ಲಾಭ ಸಣ್ಣದಲ್ಲ. 2014ರ ಅಕ್ಟೋಬರಿನಲ್ಲಿ ಶುರುವಾದ 'ಆಸ್ಕ್ ಆ್ಯನ್ ಆರ್ಕೈವಿಸ್ಟ್' ದಿನದಂದು ಓದುಗರು ನೇರವಾಗಿ ಆರ್ಕೈವಿಸ್ಟರನ್ನು ಪ್ರಶ್ನೆ ಕೇಳುವ ರೂಢಿ ಬಿದ್ದಿತು. ಅದಕ್ಕಿಂತ ದೊಡ್ಡದು ಅದೇ ವರ್ಷದ ಆಗಸ್ಟಿನ ಘಟನೆ. ಮಿಸ್ಸೂರಿಯ ಫರ್ಗ್ಯೂಸನ್‌ನಲ್ಲಿ ಕಪ್ಪು ತರುಣ ಮೈಕಲ್ ಬ್ರೌನ್ ಪೊಲೀಸ್ ಗುಂಡಿಗೆ ಬಲಿಯಾದ ಬೆನ್ನಿಗೇ ಸಂಘದ ವಾರ್ಷಿಕ ಸಮ್ಮೇಳನ ವಾಷಿಂಗ್ಟನ್ನಿನಲ್ಲಿ ನಡೆಯಿತು. ಪ್ರತಿಭಟನೆಯ ಮಾತೆಲ್ಲ ಹರಿಯುತ್ತಿದ್ದುದು ಟ್ವಿಟರ್‌ನಲ್ಲಿ. ಸಮ್ಮೇಳನದಲ್ಲಿ ಸೇರಿದ್ದ ಬರ್ಗಿಸ್ ಜೂಲ್ಸ್, ಎಡ್ ಸಮರ್ಸ್ ಮುಂತಾದವರ ನಡುವಿನ ಮಾತುಕತೆಯಿಂದ ಆ ದಿನಗಳ ಸುಮಾರು 1.3 ಕೋಟಿ ಟ್ವೀಟ್‌ಗಳ ಸಂಗ್ರಹ ಬೆಳೆಯಿತು. ಮುಂದೆ 'ಡಾಕ್ಯುಮೆಂಟಿಂಗ್ ದ ನೌ' ಎಂಬ ಯೋಜನೆಗೆ ಬೀಜವಾದದ್ದು ಅದೇ. ಸಾಮಾಜಿಕ ಮಾಧ್ಯಮವನ್ನು ಹರಟೆಯ ಜಾಗವಾಗಿ ಬಳಸುತ್ತಿದ್ದವರು ಅದನ್ನೇ ದಾಖಲೆಯಾಗಿ ಕಾಣತೊಡಗಿದ್ದು ಹೀಗೆ.

ಸಂಗ್ರಹ ಮಾಡಿದ್ದಾಯಿತು, ಹಂಚುವುದು ಹೇಗೆ? ಕಂಪನಿಯ ನಿಯಮದಂತೆ ಟ್ವೀಟಿನ ಪಠ್ಯವನ್ನು ದೊಡ್ಡ ಪ್ರಮಾಣದಲ್ಲಿ ಬೇರೆಯವರಿಗೆ ಕೊಡುವಂತಿರಲಿಲ್ಲ, ಗುರುತುಸಂಖ್ಯೆಗಳನ್ನು ಕೊಡಬಹುದಿತ್ತು. ಸಂಶೋಧಕ ಆ ಸಂಖ್ಯೆಗಳನ್ನು ಹಿಡಿದು ಮತ್ತೆ ಟ್ವಿಟರ್‌ನಿಂದಲೇ ಪಠ್ಯ ತರಿಸಿಕೊಳ್ಳಬೇಕಿತ್ತು. ಬರೆದವರು ನಡುವೆ ಅಳಿಸಿದ್ದರೆ ಅದು ಬರುತ್ತಿರಲಿಲ್ಲ. ಇದರಲ್ಲಿ ಒಂದು ನ್ಯಾಯವಿತ್ತು: ಪ್ರತಿಭಟನೆಯಲ್ಲಿ ಹೆಸರು ಬಯಲಾದರೆ ಅಪಾಯಕ್ಕೆ ಸಿಗುವ ವ್ಯಕ್ತಿಗೆ ತನ್ನ ಮಾತನ್ನು ಹಿಂತೆಗೆದುಕೊಳ್ಳುವ ಹಕ್ಕು ಉಳಿಯುತ್ತಿತ್ತು. ಆದರೆ ಬೀಗದ ಕೈ ಕಂಪನಿಯ ಬಳಿಯೇ ಇತ್ತು. ಮಾಲೀಕತ್ವ ಬದಲಾದ ಟ್ವಿಟರ್ 2023ರಲ್ಲಿ ಉಚಿತ ಪ್ರವೇಶವನ್ನು ನಿಲ್ಲಿಸಿದಾಗ, ಎಷ್ಟೋ ವಿಶ್ವವಿದ್ಯಾಲಯಗಳು ಜೋಪಾನ ಮಾಡಿದ್ದ ಗುರುತುಸಂಖ್ಯೆಗಳ ಪಟ್ಟಿ ಬರಿಯ ಅಂಕೆಗಳ ಪಟ್ಟಿಯಾಯಿತು.

ಸರ್ಕಾರಿ ಬಲವಿದ್ದರೆ ಟ್ವೀಟ್‌ಗಳನ್ನು ಉಳಿಸುವುದು ಸಾಧ್ಯವಾಗುತ್ತಿತ್ತೇ? ಲೈಬ್ರರಿ ಆಫ್ ಕಾಂಗ್ರೆಸ್ 2010ರ ಏಪ್ರಿಲ್‌ನಲ್ಲಿ ಸಾರ್ವಜನಿಕ ಟ್ವೀಟ್‌ಗಳನ್ನೆಲ್ಲ, 2006ರ ಮೊದಲ ಟ್ವೀಟಿನಿಂದ ಹಿಡಿದು, ಸಂಗ್ರಹಿಸುವುದಾಗಿ ಸಾರಿತು. 2013ರ ಜನವರಿಗೆ ಅದರ ಬಳಿ ಸುಮಾರು 17,000 ಕೋಟಿ ಟ್ವೀಟ್‌ಗಳಿದ್ದವು. 2006ರಿಂದ 2010ರವರೆಗಿನ 2,100 ಕೋಟಿಯಲ್ಲಿ ಒಂದು ಹುಡುಕಾಟಕ್ಕೆ 24 ಗಂಟೆ ಹಿಡಿಯಬಹುದೆಂದು ಲೈಬ್ರರಿಯೇ ಹೇಳಿಕೊಂಡಿತು. 2017ರ ಡಿಸೆಂಬರಿನಲ್ಲಿ, ಮುಂದಿನ ಜನವರಿ 1ರಿಂದ ಆಯ್ದದ್ದನ್ನು ಮಾತ್ರ ಉಳಿಸುತ್ತೇವೆಂದು ಪ್ರಕಟಿಸಿ ಕೈತೊಳೆದುಕೊಂಡಿತು. ಎಲ್ಲವನ್ನೂ ಉಳಿಸುವುದು ಜೆಂಕಿನ್‌ಸನ್ನನಿಗೂ ಆಗದ ಕೆಲಸ.

ನಮ್ಮಲ್ಲಿಗೆ ಬಂದರೆ ಚಿತ್ರವೇ ಬೇರೆ. ಭಾರತದ ರಾಷ್ಟ್ರೀಯ ಅಭಿಲೇಖಾಗಾರ 1891ರಷ್ಟು ಹಿಂದಿನದು, ಆದರೆ ಇಲ್ಲಿನ ಆರ್ಕೈವಿಸ್ಟರಿಗೆ ಅಮೆರಿಕದ್ದರಂಥ ದೀರ್ಘಕಾಲದ ಇಮೇಲ್ ಬಳಗ ಬೇರೂರಲಿಲ್ಲ. ಈಚೆಗೆ ಮಿಲ್ಲಿ ಎಂಬ ಜಾಲ ಸರ್ಕಾರದ ಹೊರಗಿನ ಪತ್ರಾಗಾರಗಳನ್ನೂ ಆಸಕ್ತರನ್ನೂ ಒಂದೆಡೆ ತಂದು ಆನ್‌ಲೈನ್ ಸಭೆಗಳನ್ನು ನಡೆಸಿದೆ. 2019ರಲ್ಲಿ ತೆರೆದ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಪತ್ರಾಗಾರದಂಥ ಹೊಸ ಸಂಸ್ಥೆಗಳು ಇಂಥ ಮಾತುಕತೆಗೆ ಬಲ ತಂದಿವೆ. ದಿನನಿತ್ಯದ ಮಾತು ಮಾತ್ರ ನಡೆಯುವುದು ವಾಟ್ಸಾಪ್ ಗುಂಪಿನಲ್ಲಿ. ಮೋಡಿ ಲಿಪಿಯ ಒಂದು ಅಕ್ಷರ ಯಾವುದೆಂದು ಕೇಳಿ ಚಿತ್ರ ಹಾಕಿದರೆ, ಸಂಜೆಯೊಳಗೆ ಮೂವರು ಓದಿ ಹೇಳುತ್ತಾರೆ, ನಾಲ್ಕನೆಯವರು ಆ ಓದನ್ನು ತಿದ್ದುತ್ತಾರೆ. ಹಳಗಾಲದ ಟಿಪ್ಪಣಿ ಹಾಳೆಗೆ ಇದಕ್ಕಿಂತ ಹತ್ತಿರದ ರೂಪ ಕಾಣೆ. ಉಳಿಯುವ ಯೋಗ ಇದಕ್ಕಿಂತ ಕಡಿಮೆಯಿರುವ ರೂಪವನ್ನೂ ಕಾಣೆ.

ವಾಟ್ಸಾಪ್‌ನಿಂದ ಗುಂಪಿನ ಮಾತನ್ನು ಪಠ್ಯವಾಗಿ ಹೊರತೆಗೆಯಬಹುದು, ನಿಜ. ತೆಗೆದು ನೋಡಿದರೆ ದೋಷ ಗೊತ್ತಾಗುತ್ತದೆ. ಯಾವ ಸಂದೇಶ ಯಾವುದಕ್ಕೆ ಉತ್ತರವೆಂಬ ಕೊಂಡಿ ಆ ಪಠ್ಯದಲ್ಲಿ ಇರುವುದಿಲ್ಲ. ಇಮೇಲ್ 1982ರಲ್ಲೇ ಕೊಟ್ಟದ್ದು ಇಲ್ಲಿ ಕಳೆದುಹೋಗುತ್ತದೆ. ಹೆಸರುಗಳು ಹೊರತೆಗೆದವರ ಫೋನಿನಲ್ಲಿ ಹೇಗೆ ಉಳಿಸಿಕೊಂಡಿದ್ದಾರೋ ಹಾಗೇ ಬರುತ್ತವೆ: ಒಬ್ಬರ ಪ್ರತಿಯಲ್ಲಿ ಪೂರ್ಣ ಹೆಸರು, ಇನ್ನೊಬ್ಬರಲ್ಲಿ 'ಧಾರವಾಡ ಸರ್', ಮೂರನೆಯವರಲ್ಲಿ ಬರಿಯ ನಂಬರು. ದಿನಾಂಕ ಬರೆಯುವ ಕ್ರಮವೂ ಫೋನಿನಿಂದ ಫೋನಿಗೆ ಬೇರೆ. ಗುಂಪಿಗೆ ನಡುವೆ ಸೇರಿದವರ ಪ್ರತಿ ಸಾಮಾನ್ಯವಾಗಿ ಅಲ್ಲಿಂದಲೇ ಶುರು. 2020ರಿಂದ ಸಂದೇಶಗಳು ತಾವಾಗಿ ಮಾಯವಾಗುವ ಸೌಲಭ್ಯವೂ ಬಂದಿದೆ. ಹೀಗಾಗಿ ಗುಂಪಿಗೆ ಮೂಲಪ್ರತಿ ಎಂಬುದೇ ಇಲ್ಲ. ಇರುವುದು ಒಬ್ಬೊಬ್ಬರ ಪಾಠ. ನಮ್ಮ ಗ್ರಂಥಸಂಪಾದಕರಿಗೆ ಇದು ಹೊಸ ಸಂಗತಿಯೇನಲ್ಲ. ಓಲೆಗರಿಯ ಪ್ರತಿಗಳನ್ನು ಹೋಲಿಸಿ ಪಾಠಾಂತರ ಕೊಡುವ ವಿದ್ಯೆ ಇಲ್ಲಿ ಅಕ್ಷರಶಃ ಉಪಯೋಗಕ್ಕೆ ಬರುತ್ತದೆ. ಕನಿಷ್ಠ ಇಬ್ಬರು ಬೇರೆ ಬೇರೆ ಫೋನಿನಿಂದ ತೆಗೆದ ಪ್ರತಿಗಳಿದ್ದರೆ ಒಂದರ ಲೋಪವನ್ನು ಇನ್ನೊಂದು ತುಂಬಬಲ್ಲದು.

ಕಾನೂನಿನ ಆಸರೆ ಇಲ್ಲಿ ತೆಳು. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಗಣಕದಿಂದ ಉತ್ಪನ್ನವಾದ ಸಾಮಗ್ರಿಯನ್ನೂ ದಾಖಲೆಯೆಂದೇ ಎಣಿಸುತ್ತದೆ. ಆದರೆ ಅದರ ಹಿಡಿತವಿರುವುದು ಕೇಂದ್ರ ಸರ್ಕಾರ ಮತ್ತು ಕೇಂದ್ರಾಡಳಿತ ಪ್ರದೇಶಗಳ ಕಚೇರಿಗಳು, ಅವುಗಳ ಸಂಸ್ಥೆಗಳ ಮೇಲೆ. ಸಹೋದ್ಯೋಗಿಗಳು ತಾವಾಗಿ ಕಟ್ಟಿಕೊಂಡ ಗುಂಪು ಯಾವ ಕಚೇರಿಯದ್ದೂ ಅಲ್ಲ. ಇನ್ನೊಂದು ಬದಿಯಲ್ಲಿ, ಗುಂಪಿನಲ್ಲಿ ನಂಬರೂ ಹೆಸರೂ ಬಯಲಾಗಿರುತ್ತವೆ, ಮೇಲಧಿಕಾರಿಯ ಬಗೆಗಿನ ಗೊಣಗಾಟವೂ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಸಂಶೋಧನೆ ಮತ್ತು ದಾಖಲೆ ಸಂರಕ್ಷಣೆಗೆ ವಿನಾಯಿತಿ ಕೊಟ್ಟಿದೆ: ಆ ದತ್ತಾಂಶವನ್ನು ಹಿಡಿದು ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ಕೈಗೊಳ್ಳಬಾರದು, ಸರ್ಕಾರ ಗೊತ್ತುಪಡಿಸಿದ ಮಾನಕಗಳಿಗೆ ಬದ್ಧವಾಗಿರಬೇಕು. ವಿನಾಯಿತಿ ಇದೆಯೆಂದು ಸಹೋದ್ಯೋಗಿಯ ಗೊಣಗಾಟವನ್ನು ನಾಳೆಯೇ ಓದುಗರ ಮುಂದಿಡಲಾಗದು. ಟಿಪ್ಪಣಿ ಹಾಳೆ ಬರೆಯುವ ಗುಮಾಸ್ತನಿಗೆ ಅದು ಕಡತದಲ್ಲಿ ಕೂರುತ್ತದೆಂದು ಗೊತ್ತಿರುತ್ತದೆ, ಪದಗಳನ್ನು ಆರಿಸಿಯೇ ಬರೆಯುತ್ತಾನೆ. ಗುಂಪಿನಲ್ಲಿ ಬರೆಯುವವರಿಗೆ ಹಾಗೆ ತಿಳಿಸಿದವರಿಲ್ಲ. ಆದ್ದರಿಂದ ಉಳಿಸುವ ತೀರ್ಮಾನ ಗುಂಪು ಮುಚ್ಚುವಾಗ ಅಲ್ಲ, ತೆರೆಯುವಾಗಲೇ ಆಗಬೇಕು: ಗುಂಪಿನ ವಿವರಣೆಯಲ್ಲೇ ಇದನ್ನು ಯಾವ ಪತ್ರಾಗಾರಕ್ಕೆ, ಎಷ್ಟು ವರ್ಷ ಮುಚ್ಚಿಟ್ಟು ಕೊಡಲಾಗುತ್ತದೆಂದು ಬರೆದಿರಬೇಕು, ಬೇಡವೆಂದವರ ಸಂದೇಶ ತೆಗೆಯುವ ಬಗೆ ಮೊದಲೇ ಗೊತ್ತಿರಬೇಕು. 30 ವರ್ಷ ಮುಚ್ಚಿಟ್ಟರೆ ಗೊಣಗಿದವರೂ ಗೊಣಗಿಸಿಕೊಂಡವರೂ ನಿವೃತ್ತರಾಗಿರುತ್ತಾರೆ. ಇಂಥ ಗುಂಪುಗಳಿಗೆ ನಮ್ಮ ಕಚೇರಿಗಳ 'ಬಿ' ವರ್ಗವೇ ಸಾಕೇ, 'ಎ' ಬೇಕೇ ಎಂಬುದನ್ನು ಆಗ ಕೂತು ನಿರ್ಧರಿಸಬಹುದು.